ವಾಸ್ತುವಿದ್ಯಾರ್ಥಿಯೂ ಊರಿನ ಸಾರ್ವಜನಿಕ ಕಟ್ಟಡಗಳೂ



ಸಾರ್ವಜನಿಕ ಕಟ್ಟಡವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು ಗೋಪುರ, ಗುಮ್ಮಟ, ಸಾಲುಕಂಬಗಳಿಂದ ಶೋಭಿಸುವ ರಾಜಧಾನಿಯ ಸೌಧಗಳು. ಅವುಗಳನ್ನು ನಾವು ದೂರದಲ್ಲಿ ನಿಂತು ನೋಡಿ ಮೆಚ್ಚುತ್ತೇವೆ. ಆದರೆ ದಿನಬಳಕೆಗೆ ಬರುವ ಸಾರ್ವಜನಿಕ ಕಟ್ಟಡಗಳು ಬೇರೆ. ಬಸ್ ನಿಲ್ದಾಣ, ತಾಲ್ಲೂಕು ಕಛೇರಿ, ಸಂತೆಪೇಟೆ, ಆಸ್ಪತ್ರೆ, ವಾಚನಾಲಯ ಇವೇ ಅವು. ಇಲ್ಲಿ ನಾವು ಕಳೆಯುವ ಕಾಲದ ಬಹುಭಾಗವು ಕಾಯುವುದರಲ್ಲಿಯೇ ಸಂದುಹೋಗುತ್ತದೆ. ಹೀಗೆ ಕಾಯುವ ಮನುಷ್ಯನಿಗೆ ನೆರಳುಂಟೆ, ನೀರುಂಟೆ, ಕುಳಿತುಕೊಳ್ಳಲು ಸ್ಥಳವುಂಟೆ, ಅವನ ಸರದಿ ಬಂದರೆ ಆ ಕೂಗು ಅವನ ಕಿವಿಗೆ ಬೀಳುತ್ತದೆಯೆ ಎಂಬುದೇ ಕಟ್ಟಡದ ಯೋಗ್ಯತೆಗೆ ಮೊದಲನೆಯ ಅಳತೆಗೋಲು. ಈ ಒಂದು ಮಾತನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದು ನಮ್ಮ ಉದ್ದೇಶ.

ಇದನ್ನು ಎಲ್ಲರಿಗಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದವರು ವಾಸ್ತುಶಿಲ್ಪದ ವಿದ್ಯಾರ್ಥಿಗಳು. ನಮ್ಮ ದೇಶದಲ್ಲಿ ಈ ವೃತ್ತಿಯ ಶಿಕ್ಷಣವೂ ನೋಂದಣಿಯೂ 1972ರ ವಾಸ್ತುಶಿಲ್ಪಿಗಳ ಅಧಿನಿಯಮಕ್ಕೆ ಒಳಪಟ್ಟಿವೆ. ಪದವಿಗೆ ಐದು ವರ್ಷಗಳ ವ್ಯಾಸಂಗ. ವಿದ್ಯಾರ್ಥಿಯು ಮೊದಲು ಒಂದು ಕೊಠಡಿಯನ್ನು, ಬಳಿಕ ಒಂದು ಮನೆಯನ್ನು, ಅನಂತರ ಶಾಲೆಯನ್ನೋ ಆಸ್ಪತ್ರೆಯನ್ನೋ ಕಾಗದದ ಮೇಲೆ ಕಟ್ಟುತ್ತಾ ಹೋಗಿ, ಕಡೆಯ ವರ್ಷದಲ್ಲಿ ತಾನೇ ಆರಿಸಿಕೊಂಡ ಒಂದು ದೊಡ್ಡ ಕಟ್ಟಡದ ಪೂರ್ಣ ವಿನ್ಯಾಸವನ್ನು ಪರೀಕ್ಷಕರ ಮುಂದಿಡಬೇಕು. 1956ಕ್ಕೆ ಮೊದಲು ಧಾರವಾಡ ಸೀಮೆಯು ಮುಂಬಯಿಗೆ ಸೇರಿದ್ದಾಗ ಈ ವಿದ್ಯೆಯನ್ನು ಬಯಸಿದ ತರುಣರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯ ಕಡೆಗೆ ನೋಡಬೇಕಾಗಿತ್ತು. ಇಂದು ಹುಬ್ಬಳ್ಳಿ, ಬೆಳಗಾವಿಗಳಲ್ಲಿಯೇ ಅದು ದೊರೆಯುತ್ತದೆ. ವಿದ್ಯೆ ಮನೆಯ ಬಾಗಿಲಿಗೆ ಬಂದಿದೆ. ಆದರೆ ವಿದ್ಯಾರ್ಥಿಯ ಕಲ್ಪನೆ ಎಷ್ಟೋ ಸಲ ದೂರದ ಮಹಾನಗರದ ವಸ್ತುಸಂಗ್ರಹಾಲಯಕ್ಕೋ ವಿಮಾನ ನಿಲ್ದಾಣಕ್ಕೋ ಹಾರಿಹೋಗುತ್ತದೆ. ತನ್ನ ತಂದೆತಾಯಿಗಳು ಕಾದು ನಿಂತ ಕಟ್ಟಡವನ್ನು ಅದು ಮರೆಯುತ್ತದೆ.

ಆದುದರಿಂದ ನಾವು ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಗದಗ ಜಿಲ್ಲೆಯ ಉತ್ತರ ಭಾಗದವಳು. ಅಲ್ಲಿ ನರಗುಂದ, ರೋಣ, ಗಜೇಂದ್ರಗಡ ಎಂಬ ಮೂರು ಊರುಗಳು ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಗೆರೆಯ ಮೇಲೆ ಕುಳಿತಿವೆ. ಮೂರು ಊರಿಗೆ ಮೂರು ಕಟ್ಟಡಗಳನ್ನು ರಚಿಸುವ ಕೆಲಸವನ್ನು ಅವಳಿಗೆ ಒಪ್ಪಿಸೋಣ: ನರಗುಂದಕ್ಕೆ ಒಂದು ತಾಲ್ಲೂಕು ಕಛೇರಿ, ರೋಣಕ್ಕೆ ಒಂದು ವಾಚನಾಲಯ, ಗಜೇಂದ್ರಗಡಕ್ಕೆ ಪೇಟೆಯೊಡಗೂಡಿದ ಒಂದು ಬಸ್ ನಿಲ್ದಾಣ.

ಲೇಖನಿ ಹಿಡಿಯುವ ಮೊದಲು ಆಕೆ ಸೂರ್ಯನನ್ನು ಅರಿಯಬೇಕು. ಈ ಊರುಗಳ ಅಕ್ಷಾಂಶ ಸುಮಾರು 15.7 ಡಿಗ್ರಿ ಉತ್ತರ. ಮೇ ತಿಂಗಳ ಮೊದಲ ವಾರದಲ್ಲಿಯೂ ಮರಳಿ ಆಗಸ್ಟ್ ತಿಂಗಳ ಎರಡನೆಯ ವಾರದಲ್ಲಿಯೂ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲೆಯೇ ಬರುತ್ತಾನೆ. ಆ ನಡುವಣ ಮೂರು ತಿಂಗಳು ಅವನು ಆಕಾಶದ ಉತ್ತರ ಭಾಗದಲ್ಲಿರುತ್ತಾನೆ. ಶೀತದೇಶದ ಪುಸ್ತಕಗಳಲ್ಲಿ ಉತ್ತರದ ಗೋಡೆಗೆ ಬಿಸಿಲು ತಾಕುವುದಿಲ್ಲವೆಂದು ಬರೆದಿದ್ದರೆ ಆ ಮಾತು ನಮ್ಮ ಸೀಮೆಗೆ ಸಲ್ಲದು. ಡಿಸೆಂಬರಿನಲ್ಲಿ ಅದೇ ಸೂರ್ಯನು ದಕ್ಷಿಣಕ್ಕೆ ಸರಿದು ಮಧ್ಯಾಹ್ನದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ಉತ್ತರ ದಕ್ಷಿಣಗಳ ಬಿಸಿಲನ್ನು ಮುಂಚಾಚಿದ ಒಂದು ಸೂರು ತಡೆದೀತು. ಪೂರ್ವ ಪಶ್ಚಿಮಗಳಿಂದ ತಗ್ಗಾಗಿ ಬರುವ ಬಿಸಿಲನ್ನು ಸೂರು ತಡೆಯಲಾರದು. ಅದಕ್ಕೆ ದಪ್ಪ ಗೋಡೆ ಬೇಕು, ಇಲ್ಲವೆ ಮರದ ಸಾಲು ಬೇಕು. ಆದುದರಿಂದ ಕಟ್ಟಡವು ಪೂರ್ವಪಶ್ಚಿಮವಾಗಿ ನೀಳವಾಗಿರುವುದು ಲೇಸು.

ಈ ಬಗೆಯ ವಿವೇಚನೆಗೆ ಮೈಸೂರು ಸಂಸ್ಥಾನದಲ್ಲಿಯೇ ಒಂದು ದೊಡ್ಡ ನಿದರ್ಶನ ನಡೆದುಹೋಗಿದೆ. ಜರ್ಮನಿಯನ್ನು ಬಿಟ್ಟು ಬಂದ ಆಟೋ ಕೋನಿಗ್ಸ್‌ಬರ್ಗರ್ ಅವರು 1939ರಲ್ಲಿ ಸಂಸ್ಥಾನದ ಸೇವೆಗೆ ಸೇರಿ ಸರ್ಕಾರಿ ವಾಸ್ತುಶಿಲ್ಪಿಗಳಾದರು. ಬೆಂಗಳೂರಿನ ಕಲಾಸಿಪಾಳ್ಯದ ಬಸ್ ನಿಲ್ದಾಣವನ್ನೂ ಭಾರತೀಯ ವಿಜ್ಞಾನ ಮಂದಿರದ ಕೆಲವು ಕಟ್ಟಡಗಳನ್ನೂ ವಿನ್ಯಾಸಗೊಳಿಸಿದವರು ಅವರೇ. ಬಿಸಿಲು, ಗಾಳಿ, ಮಳೆಗಳನ್ನು ಇಲ್ಲಿ ಅಳೆದು ಕಲಿತ ಪಾಠವನ್ನು ಅವರು ಮುಂದೆ ಲಂಡನ್ನಿನಲ್ಲಿ ಉಷ್ಣದೇಶಗಳ ವಿದ್ಯಾರ್ಥಿಗಳಿಗೆ ಬೋಧಿಸಿದರು. 1974ರಲ್ಲಿ ಸಹೋದ್ಯೋಗಿಗಳೊಡನೆ ಆ ವಿಷಯದ ಕೈಪಿಡಿಯೊಂದನ್ನು ಹೊರತಂದರು. ಪರದೇಶದಿಂದ ಬಂದವರು ನಮ್ಮ ಬಿಸಿಲನ್ನು ಅಷ್ಟು ಶ್ರದ್ಧೆಯಿಂದ ಓದಿರುವಾಗ ಈ ನೆಲದಲ್ಲಿಯೇ ಹುಟ್ಟಿದವರು ಅದನ್ನು ಓದದೆ ಬಿಡುವುದು ಸಲ್ಲದು.

ಈಗ ನರಗುಂದಕ್ಕೆ ಹೋಗೋಣ. ಬಯಲಿನ ನಡುವೆ ಥಟ್ಟನೆ ಎದ್ದು ನಿಂತ ಗುಡ್ಡ, ಅದರ ಮೇಲೆ ಕೋಟೆ, ಅಡಿಯಲ್ಲಿ ಊರು. 1858ರಲ್ಲಿ ಇಲ್ಲಿಯ ಅರಸ ಬಾಬಾಸಾಹೇಬ ಭಾವೆಯವರು ಆಂಗ್ಲರ ವಿರುದ್ಧ ದಂಗೆಯೆದ್ದುದು ಇತಿಹಾಸಪ್ರಸಿದ್ಧ. ಆದರೆ ನಮ್ಮ ವಿದ್ಯಾರ್ಥಿನಿಯ ಕೆಲಸಕ್ಕೆ ಅದಕ್ಕಿಂತ ಹತ್ತಿರವಾದ ದಿನ 1980ರ ಜುಲೈ 21. ಮಲಪ್ರಭಾ ನೀರಾವರಿಯ ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ಅಂದು ತಾಲ್ಲೂಕು ಕಛೇರಿಯ ಮುಂದೆ ನೆರೆದಿದ್ದರು. ಮಾತು ಮುರಿಯಿತು, ಗಲಭೆಯಾಯಿತು, ಗೋಲೀಬಾರಾಯಿತು, ಪ್ರಾಣಹಾನಿ ಸಂಭವಿಸಿತು. ಅಲ್ಲಿಂದ ಹುಟ್ಟಿದ ಚಳವಳಿ ಕರ್ನಾಟಕದ ರೈತಸಂಘಟನೆಗೆ ತಳಹದಿಯಾಯಿತು. ಇಂದಿಗೂ ಪ್ರತಿವರ್ಷ ಆ ದಿನ ರೈತರು ನರಗುಂದದ ವೀರಗಲ್ಲಿಗೆ ಮಾಲೆಯಿಟ್ಟು ವಂದಿಸುತ್ತಾರೆ.

ಕಟ್ಟಡದ ಬಾಗಿಲು ಅಗಲವಾಗಿದ್ದರೆ ಆ ದಿನದ ದುರಂತ ತಪ್ಪುತ್ತಿತ್ತೆಂದು ಹೇಳುವಷ್ಟು ಅವಿವೇಕಿಗಳು ನಾವಲ್ಲ. ಕರದ ಪ್ರಶ್ನೆಯನ್ನು ಗಾರೆಕಲ್ಲು ಬಿಡಿಸಲಾರದು. ಆದರೂ ಒಂದು ಮಾತು ನಿಜ. ಪ್ರಜೆ ತನ್ನ ಅಹವಾಲನ್ನು ಹೊತ್ತು ಸರ್ಕಾರವನ್ನು ಮುಖಾಮುಖಿ ಕಾಣುವ ಸ್ಥಳ ತಾಲ್ಲೂಕು ಕಛೇರಿಯ ಹೊಸ್ತಿಲು. ಆ ಹೊಸ್ತಿಲನ್ನು ಹೇಗೆ ರಚಿಸುತ್ತೇವೆಂಬುದರಲ್ಲಿ ಆಳುವವರು ಪ್ರಜೆಯನ್ನು ಹೇಗೆ ಎಣಿಸುತ್ತಾರೆಂಬುದು ಬರೆದಿರುತ್ತದೆ. ವಿದ್ಯಾರ್ಥಿನಿ ತನ್ನ ಮೊದಲ ನಕ್ಷೆಯಲ್ಲಿ ಗಾಂಭೀರ್ಯಕ್ಕೆಂದು ಕಟ್ಟಡವನ್ನು 3 ಅಡಿ ಎತ್ತರದ ಜಗತಿಯ ಮೇಲೆ ನಿಲ್ಲಿಸಿದಳೆನ್ನೋಣ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಂತೆ ಸಾರ್ವಜನಿಕ ಕಟ್ಟಡಕ್ಕೆ ಎಲ್ಲರಿಗೂ ಪ್ರವೇಶ ಸುಗಮವಾಗಿರಬೇಕು. ಗಾಲಿಕುರ್ಚಿ ಏರುವ ಇಳಿಜಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. 3 ಅಡಿಗೆ 36 ಅಡಿ. ಅದನ್ನು ಕಟ್ಟಡದ ಹಿಂಬದಿಯಲ್ಲಿ ಅಡಗಿಸಿದರೆ ಮುದುಕನೊಬ್ಬ ಕಳ್ಳನಂತೆ ಹಿತ್ತಿಲಿನಿಂದ ಬರಬೇಕಾದೀತು. ಆಕೆ ಜಗತಿಯನ್ನು ಒಂದು ಅಡಿಗೆ ಇಳಿಸಲಿ. ಇಳಿಜಾರನ್ನೇ ಹೆಬ್ಬಾಗಿಲಿನ ದಾರಿಯಾಗಿಸಲಿ. ಅದರ ಮುಂದೆ ಐನೂರು ಮಂದಿ ನೆರೆದರೂ ನೂಕುನುಗ್ಗಲಾಗದಂಥ ಒಂದು ನೆರಳಿನ ಅಂಗಳವನ್ನು ಬಿಡಲಿ. ಅಧಿಕಾರಿಯು ಹೊರಬಂದು ಜನರೊಡನೆ ಮಾತಾಡಲು ಅಂಗಳದ ಅಂಚಿನಲ್ಲಿ ಒಂದು ಕಟ್ಟೆಯಿರಲಿ. ಗಾಂಭೀರ್ಯವು ಎತ್ತರದಲ್ಲಿಲ್ಲವೆಂಬುದನ್ನು ಆಕೆ ಈ ನಕ್ಷೆಯಿಂದ ಕಲಿತಾಳು.

ನರಗುಂದದಿಂದ ಪೂರ್ವಕ್ಕೆ ಬಂದರೆ ರೋಣ. ಈ ಊರಿನಲ್ಲಿ ಅನಂತಶಯನ ಗುಡಿಯೇ ಮೊದಲಾದ ಹಳೆಯ ಶಿಲಾಮಂದಿರಗಳು ಮನೆಗಳ ನಡುವೆ ಉಳಿದುಕೊಂಡು ಬಂದಿವೆ. ಸುತ್ತಲಿನದು ಎರೆಯ ನೆಲ. ಈ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಜೋಳಕ್ಕೂ ಕಡಲೆಗೂ ಇದು ಹೊನ್ನು. ಗೋಡೆಗೆ ಮಾತ್ರ ಇದೇ ಶತ್ರು. ತಳಪಾಯವನ್ನು ಮೇಲುಮೇಲೆ ಹಾಕಿದ ಕಟ್ಟಡ ಕೆಲವೇ ವರ್ಷಗಳಲ್ಲಿ ಬಿರುಕುಬಿಡುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಈ ಮಣ್ಣಿಗಾಗಿಯೇ ಒಂದು ಉಪಾಯವನ್ನು ಬಳಕೆಗೆ ತಂದರು. ಋತುಮಾನದ ತೇವ ಏರಿಳಿಯುವ ಪದರವನ್ನು ದಾಟಿ, ಸುಮಾರು 3.5 ಮೀಟರು ಆಳಕ್ಕೆ ಕಾಂಕ್ರೀಟಿನ ಕಂಬಗಳನ್ನು ಇಳಿಸಿ, ಅವುಗಳ ಬುಡವನ್ನು ಗಡ್ಡೆಯಂತೆ ದಪ್ಪಗೊಳಿಸುವುದು ಅದರ ಕ್ರಮ. ಮೇಲಿನ ಮಣ್ಣು ಎಷ್ಟು ಉಸಿರಾಡಿದರೂ ಕಟ್ಟಡ ಅಲುಗುವುದಿಲ್ಲ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ಹಣವನ್ನು ಮೊದಲು ಎತ್ತಿಟ್ಟು, ಉಳಿದುದರಲ್ಲಿ ಮುಖಮಂಟಪದ ಅಲಂಕಾರವನ್ನು ಯೋಚಿಸುವವಳೇ ನಿಜವಾದ ವಿದ್ಯಾರ್ಥಿನಿ.

ವಾಚನಾಲಯದ ಒಳಗೆ ಓದುವವನಿಗೆ ಬೆಳಕು ಬೇಕು, ಪುಸ್ತಕಕ್ಕೆ ಬಿಸಿಲೂ ಧೂಳೂ ಬೇಡ. ಈ ವಿರೋಧವನ್ನು ಬಿಡಿಸುವ ಜಾಣ್ಮೆ ಇದೇ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿದೆ. ದಪ್ಪನೆಯ ಗೋಡೆ ಹಗಲಿನ ಕಾವನ್ನು ಒಳಕ್ಕೆ ಬಿಡುವುದು ನಿಧಾನ. ಮೇಲಿನ ಬೆಳಕಿಂಡಿಯಿಂದ ಬರುವ ಬೆಳಕು ಮೆತ್ತಗಾಗಿ ಪಡಸಾಲೆಗೆ ಇಳಿಯುತ್ತದೆ. ಆಕೆ ಗುಡಿಯ ಶಿಖರವನ್ನು ಸಿಮೆಂಟಿನಲ್ಲಿ ಅನುಕರಿಸಿ ವಾಚನಾಲಯದ ನೆತ್ತಿಗೆ ಅಂಟಿಸಬೇಕಾಗಿಲ್ಲ. ಪೂರ್ವಿಕರಿಂದ ನಾವು ತೆಗೆದುಕೊಳ್ಳಬೇಕಾದುದು ಅವರ ವೇಷವನ್ನಲ್ಲ, ಅವರ ವಿವೇಕವನ್ನು.

ಇನ್ನೂ ಪೂರ್ವಕ್ಕೆ ಗಜೇಂದ್ರಗಡ. 1787ರಲ್ಲಿ ಮರಾಠರಿಗೂ ಟೀಪೂ ಸುಲ್ತಾನನಿಗೂ ಒಪ್ಪಂದವಾದುದು ಇಲ್ಲಿ. ಕಾಲಕಾಲೇಶ್ವರನ ಗುಡ್ಡ, ಕೋಟೆ, ಕೈಮಗ್ಗದ ಸೀರೆಗಳು ಈ ಊರಿನ ಹೆಸರನ್ನು ಹೊತ್ತಿವೆ. ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಕಂಡವರಿಗೆ ಇಲ್ಲಿಯ ಗಾಳಿಯ ಬಲವನ್ನು ಬೇರೆ ಹೇಳಬೇಕಾಗಿಲ್ಲ. 2018ರ ಸುಮಾರಿಗೆ ರೋಣದಿಂದ ಬೇರೆಯಾಗಿ ಇದು ಸ್ವತಂತ್ರ ತಾಲ್ಲೂಕಾಯಿತು. ತಾಲ್ಲೂಕಾದ ಊರಿಗೆ ಹಳ್ಳಿಗಳಿಂದ ಬರುವ ಜನ ಹೆಚ್ಚುತ್ತಾರೆ. ಅವರಲ್ಲಿ ನೇಯ್ದ ಸೀರೆಯ ಗಂಟನ್ನು ಹೊತ್ತವನುಂಟು, ಕಾಲೇಜಿಗೆ ಬರುವ ಹುಡುಗಿಯುಂಟು, ಆಸ್ಪತ್ರೆಗೆ ಬಂದ ಬಸುರಿಯುಂಟು.

ಇವರಿಗಾಗಿ ಬಸ್ ನಿಲ್ದಾಣವನ್ನು ರಚಿಸುವಾಗ ನಮ್ಮ ವಿದ್ಯಾರ್ಥಿನಿ ತನ್ನ ಅನುಭವವನ್ನೇ ಶಾಸ್ತ್ರವಾಗಿಸಬೇಕು. ಸಂಜೆಯ ಕಡೆಯ ಬಸ್ಸಿಗೆ ಕಾದ ಹುಡುಗಿಗೆ ದೀಪವೂ ಜನರ ಸುಳಿದಾಟವೂ ಬೇಕೆಂಬುದು ಅವಳಿಗೆ ಗೊತ್ತು. ಆದುದರಿಂದ ಪೇಟೆಯ ಅಂಗಡಿಗಳ ಮುಖವನ್ನು ಅವಳು ಕಾಯುವ ಪಡಸಾಲೆಯ ಕಡೆಗೇ ತಿರುಗಿಸುತ್ತಾಳೆ. ಅಂಗಡಿಯ ಬೆಳಕು ಕಾಯುವವರಿಗೂ ಬೆಳಕಾಗುತ್ತದೆ. ಸ್ತ್ರೀಯರ ಶೌಚಾಲಯವನ್ನು ಕತ್ತಲೆಯ ಮೂಲೆಗೆ ತಳ್ಳದೆ, ಮರೆಯಿದ್ದೂ ದಾರಿ ಎಲ್ಲರ ಕಣ್ಣಿಗೆ ಬೀಳುವಂಥ ಎಡೆಯಲ್ಲಿಡುತ್ತಾಳೆ. ಮಳೆಗಾಳಿ ಬಡಿಯುವ ಪಶ್ಚಿಮದ ಕಡೆಗೆ ಗೋಡೆಯನ್ನೆತ್ತಿ, ಸೂರನ್ನು ಅಗಲವಾಗಿ ಚಾಚಿದರೂ ಗಾಳಿಗೆ ಹಾರದಂತೆ ಬಿಗಿಯುತ್ತಾಳೆ. ಒಂದೇ ಮಾದರಿಯ ನಕ್ಷೆಯನ್ನು ಕರಾವಳಿಗೂ ಮಲೆನಾಡಿಗೂ ಎರೆಯ ಬಯಲಿಗೂ ಹಂಚುವ ಅಭ್ಯಾಸ ಸರ್ಕಾರಿ ಕೆಲಸಗಳಲ್ಲಿ ಅಪರೂಪವಲ್ಲ. ಅಂಥ ನಕ್ಷೆಗೆ ಈ ಗಾಳಿ ತಿಳಿಯದು, ಈ ಹುಡುಗಿಯೂ ತಿಳಿಯಳು.

ಈ ಮೂರು ನಕ್ಷೆಗಳಿಗೂ ಗುರುವಾಗಬಲ್ಲ ಒಂದು ಹಳೆಯ ಕಟ್ಟಡ ಸಮೀಪದಲ್ಲಿಯೇ ಇದೆ. ಸೂಡಿ ಎಂಬುದು ಇಂದು ಸಣ್ಣ ಊರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ನಾಣ್ಯ ಅಚ್ಚಾಗುತ್ತಿದ್ದ ಪಟ್ಟಣ. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಊರಿನ ಆಡಳಿತದ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಟ್ಟುದನ್ನು ಶಾಸನವು ತಿಳಿಸುತ್ತದೆ. ಜೋಡುಕಳಸದ ಗುಡಿಯನ್ನು ನೋಡಲು ಹೋದವರು ಅಲ್ಲಿಯ ನಾಗಕುಂಡವೆಂಬ ಮೆಟ್ಟಿಲುಬಾವಿಯನ್ನೂ ನೋಡಬೇಕು. ನೀರು ತುಂಬಿರಲಿ, ತಳಕ್ಕಿಳಿದಿರಲಿ, ಕೊಡ ಹಿಡಿದು ಬಂದವಳು ಅದನ್ನು ಮುಟ್ಟಬಲ್ಲಳು. ಎಷ್ಟು ಮೆಟ್ಟಿಲು ಇಳಿಯಬೇಕೆಂಬುದಷ್ಟೇ ಬೇರೆ. ನೀರಿನ ಏರಿಳಿತವನ್ನೂ ಬರುವವಳ ಕಾಲನ್ನೂ ಒಟ್ಟಿಗೆ ಎಣಿಸಿದ ಶಿಲ್ಪಿಯ ಲೆಕ್ಕ ಅದು. ಕೆತ್ತನೆಯ ಅಂದವು ಆ ಲೆಕ್ಕದ ಮೇಲೆ ಅರಳಿದ ಹೂವು.

ಮಹಾಶಯರೇ, ವಿದ್ಯಾರ್ಥಿಗಳ ನಕ್ಷೆಗಳಿಗೆ ಒಂದು ವಿಧಿಯುಂಟು. ಪರೀಕ್ಷೆ ಮುಗಿದೊಡನೆ ಅವು ಸುರುಳಿಯಾಗಿ ಅಟ್ಟವನ್ನು ಸೇರುತ್ತವೆ. ವಿದ್ಯಾರ್ಥಿಯ ನಕ್ಷೆಯಂತೆಯೇ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಅನುಭವಸ್ಥರ ಲೆಕ್ಕವೂ ಹೊಣೆಯೂ ಅದಕ್ಕೆ ಕೂಡಬೇಕು. ಆದರೆ ಈ ಮೂರು ಊರುಗಳಲ್ಲಿಯೂ ಪುರಸಭೆಗಳಿವೆ. ಊರಿನ ಮಕ್ಕಳು ಊರಿಗಾಗಿ ಬರೆದ ನಕ್ಷೆಗಳನ್ನು ವರ್ಷಕ್ಕೊಮ್ಮೆ ಪುರಸಭೆಯ ಗೋಡೆಯ ಮೇಲೆ ತೂಗುಹಾಕಿ, ಸಂತೆಗೆ ಬಂದವರನ್ನು ಕರೆದು ತೋರಿಸುವುದಕ್ಕೆ ಆಗುವ ವೆಚ್ಚವೆಷ್ಟು? ಗಂಟು ಹೊತ್ತ ನೇಕಾರನು ನಕ್ಷೆಯ ಮುಂದೆ ನಿಂತು, "ಅವ್ವಾ, ಈ ಗಂಟು ಇಳಿಸಾಕ ಜಾಗಾ ಎಲ್ಲೈತಿ?" ಎಂದು ಕೇಳಿದನೆಂದರೆ, ಅದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಯಾವ ಪರೀಕ್ಷಕನೂ ಒಡ್ಡಲಾರನು. ಆ ಪ್ರಶ್ನೆಗೆ ಉತ್ತರವನ್ನು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಲ್ಲ ದಿನ ನಮ್ಮ ವಿದ್ಯಾರ್ಥಿನಿ ಪದವಿಗೆ ಅರ್ಹಳು.

ತಾವು ನಾಳೆ ಯಾವುದಾದರೂ ಕಛೇರಿಯ ಜಗಲಿಯಲ್ಲಿ ಕಾಯುವ ಪ್ರಸಂಗ ಬಂದಾಗ ಒಮ್ಮೆ ಸುತ್ತಲೂ ನೋಡಿರಿ: ಈ ನೆರಳನ್ನು ಯಾರಾದರೂ ಯೋಚಿಸಿ ಇಟ್ಟಿದ್ದಾರೆಯೆ, ಇಲ್ಲವೆ ಅದು ಆಕಸ್ಮಿಕವಾಗಿ ಬಿದ್ದಿದೆಯೆ? ಇಷ್ಟನ್ನು ಕೇಳುವ ಅಭ್ಯಾಸ ನಮಗಾದರೆ ಒಳ್ಳೆಯ ಕಟ್ಟಡಗಳು ತಾವಾಗಿ ಬಂದಾವು.