ಎರಡನೇ ಸಲ ಕೇಳುವುದು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಮಿತಿಯವರು ನನಗೆ ಕೊಟ್ಟಿರುವ ವಿಷಯ ಕಾಲೇಜು ಶಿಕ್ಷಣದಲ್ಲಿ ತಂತ್ರಜ್ಞಾನ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಅಕೌಂಟ್ಸ್ ಹೇಳಿಕೊಡುವವಳು, ಕಂಪ್ಯೂಟರ್ ಪಂಡಿತೆಯೇನೂ ಅಲ್ಲ. ಪ್ರೊಜೆಕ್ಟರ್ ಆನ್ ಆಗದಿದ್ದರೆ ಈಗಲೂ ಮುಂದಿನ ಬೆಂಚಿನ ಹುಡುಗನನ್ನೇ ಕರೆಯುತ್ತೇನೆ. ಹಾಗಾಗಿ ಯಂತ್ರಗಳ ವಿಚಾರ ಕಡಿಮೆ ಹೇಳಿ, ನನಗೆ ಆದ ಪಾಠವನ್ನು ಹೇಳುತ್ತೇನೆ.

ಈ ಶಾಲೆಯಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಇಲ್ಲೇ ಕೂತಿದ್ದಾರೆ. ಅವರು ಒಂದು ಲೆಕ್ಕ ಮಾಡಿ ಮುಗಿಸಿ ನಮ್ಮ ಮುಖ ನೋಡುತ್ತಿದ್ದರು. ಯಾರದಾದರೂ ಮುಖ ಸಪ್ಪಗಿದ್ದರೆ ಬೋರ್ಡು ಪೂರ್ತಿ ಒರೆಸಿ ಅದೇ ಲೆಕ್ಕವನ್ನು ಮೊದಲಿನಿಂದ ಮಾಡುತ್ತಿದ್ದರು. ಎರಡನೇ ಸಲ, ಕೆಲವು ದಿನ ಮೂರನೇ ಸಲ. ನನಗೆ ಬೀಜಗಣಿತ ಬಂದದ್ದೆಲ್ಲ ಆ ಎರಡನೇ ಸಲದಲ್ಲಿ. ಕಾಲೇಜಿನಲ್ಲಿ ನನ್ನ ಮುಂದೆ ಅರವತ್ತು ಎಪ್ಪತ್ತು ಮಕ್ಕಳಿರುತ್ತಾರೆ. ಸೆಮಿಸ್ಟರ್ ಓಡುತ್ತಿರುತ್ತದೆ. ಎರಡನೇ ಸಲಕ್ಕೆ ಸಮಯ ಎಲ್ಲಿ? ಅದರಲ್ಲೂ ನಮ್ಮ ಸೋಂಪುರ ಹೋಬಳಿಯಂಥ ಕಡೆಯಿಂದ, ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಮೊದಲ ವರ್ಷದಲ್ಲಿ ಬಾಯಿ ಬಿಡುವುದಿಲ್ಲ. ಡಿಪ್ರಿಸಿಯೇಷನ್ ಎಂದರೆ ತಲೆ ತಗ್ಗಿಸುತ್ತಾರೆ. ಸವಕಳಿ ಎಂದ ತಕ್ಷಣ, ಲಕ್ಷ ರೂಪಾಯಿಯ ಯಂತ್ರಕ್ಕೆ ಉಳಿದ ಬೆಲೆಯ ಮೇಲೆ ಶೇಕಡ 10ರಂತೆ ಹಿಡಿದರೆ ಮೊದಲ ವರ್ಷ 90,000, ಎರಡನೇ ವರ್ಷ 81,000, ಮೂರನೇ ವರ್ಷ 72,900 ಎಂದು ಪಟಪಟ ಹೇಳುತ್ತಾರೆ. ಲೆಕ್ಕ ಬರುತ್ತದೆ. ಪದ ಅಡ್ಡ ನಿಂತಿರುತ್ತದೆ.

ದೂರದಿಂದ ಪಾಠ ಕಳಿಸುವ ಆಸೆ ನಮ್ಮಲ್ಲಿ ಹೊಸದಲ್ಲ. ನಮ್ಮ ಶಾಲೆಯ ವಯಸ್ಸಿನಷ್ಟೇ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನವರಿಗೆ. ವರ್ಷ ಮುಗಿಯಿತು, ಉಪಗ್ರಹವನ್ನು ಬೇರೆ ಕಡೆಗೆ ಸರಿಸಿಕೊಂಡರು. 1984ರಲ್ಲಿ ಯುಜಿಸಿಯವರು ದೂರದರ್ಶನದಲ್ಲಿ ಕಾಲೇಜು ಮಕ್ಕಳಿಗೆಂದೇ ಕಾರ್ಯಕ್ರಮ ಶುರು ಮಾಡಿದರು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಅದರ ಮೂಲಕ ಇಂಜಿನಿಯರಿಂಗ್ ಕಾಲೇಜುಗಳಿಗೆ ಪಾಠ ಕಳಿಸಿತು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಎನ್‌ಪಿಟಿಇಎಲ್ ಮಾಡಿದವು. 2017ರಲ್ಲಿ ಸ್ವಯಂ ಬಂತು. ಎಲ್ಲವೂ ದೊಡ್ಡ ಕೆಲಸಗಳೇ. ಆದರೆ ನನ್ನ ತರಗತಿಯ ಹಿಂದಿನ ಬೆಂಚಿಗೂ ಇವಕ್ಕೂ ಏನು ಸಂಬಂಧ ಎಂದು ನಾನು 2020ರವರೆಗೆ ಯೋಚಿಸಿದವಳೇ ಅಲ್ಲ.

ಆ ವರ್ಷ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ನಮ್ಮ ರಾಜ್ಯದಲ್ಲಿ ಡಿಗ್ರಿ ಕಾಲೇಜು ಮತ್ತೆ ತೆರೆದದ್ದು ನವೆಂಬರ್ 17ಕ್ಕೆ. ನಡುವೆ ಎಂಟು ತಿಂಗಳು. ನಾನೂ ಎಲ್ಲರಂತೆ ಬೆಳಿಗ್ಗೆ ಹತ್ತು ಗಂಟೆಗೆ ಗೂಗಲ್ ಮೀಟ್ ಹಾಕಿ ಕೂತೆ. ಅರವತ್ತೆರಡು ಮಕ್ಕಳಲ್ಲಿ ಹತ್ತೊಂಬತ್ತು ಜನ ಬಂದರೆ ಅದೇ ಹೆಚ್ಚು. ಬಂದವರೂ ಕಪ್ಪು ಚೌಕಗಳು. ಅವುಗಳ ಮುಂದೆ ಮುಕ್ಕಾಲು ಗಂಟೆ ಮಾತಾಡಿ, "ಅರ್ಥ ಆಯ್ತಾ?" ಎಂದರೆ ಯಾರೋ ಒಬ್ಬರು "ಎಸ್ ಮೇಡಂ" ಎಂದು ಬರೆಯುತ್ತಿದ್ದರು. ಒಬ್ಬ ಹುಡುಗಿ ಎರಡು ವಾರ ಬರಲೇ ಇಲ್ಲ. ಮೂರನೇ ವಾರ ಹೇಗೋ ಫೋನಿಗೆ ಸಿಕ್ಕಳು. ನಾನು ರೇಗಿದೆ. "ನೆಟ್‌ವರ್ಕ್ ಅಂತ ನೆಪ ಹೇಳಬೇಡ" ಅಂದೆ. ಅವಳು ನೆಪ ಹೇಳಿರಲೇ ಇಲ್ಲ. ಏನೂ ಹೇಳಿರಲಿಲ್ಲ. ಆ ಮಾತು ನನ್ನ ಬಾಯಿಂದ ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಲೆನಾಡಿನ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದ್ದನ್ನು ಪತ್ರಿಕೆಯಲ್ಲಿ ಓದಿದ್ದೀರಿ. ನಮ್ಮಲ್ಲಿ ಅದಿರಲಿಲ್ಲ. ಶಿವಗಂಗೆ ಬೆಟ್ಟ ಇದೆ, ಅದನ್ನು ನಾವು ಹತ್ತುವುದು ದೇವರಿಗೆ. ಹೆದ್ದಾರಿ ಪಕ್ಕದ ನಮ್ಮ ಊರುಗಳಲ್ಲಿ ಸಿಗ್ನಲ್ ಚೆನ್ನಾಗಿಯೇ ಇತ್ತು. ತೊಂದರೆ ಇದ್ದದ್ದು ಮನೆಯೊಳಗೆ. ಇರುವುದು ಒಂದು ಫೋನು, ಅಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಬೆಳಿಗ್ಗೆ ಏಳಕ್ಕೆ ಸೋಂಪುರದ ಫ್ಯಾಕ್ಟರಿಗೆ ಹೋದರೆ ಬರುವುದು ಕತ್ತಲಾದ ಮೇಲೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಹಳ್ಳಿಗಳ ನೂರು ಮನೆಗಳಲ್ಲಿ ಇಂಟರ್‌ನೆಟ್ ಇದ್ದದ್ದು ಸುಮಾರು ಹದಿನೈದು ಮನೆಗಳಲ್ಲಿ, ಕಂಪ್ಯೂಟರ್ ಇದ್ದದ್ದು ಐದಕ್ಕೂ ಕಡಿಮೆ ಮನೆಗಳಲ್ಲಿ. ಆ ಅಂಕಿ ಮೊದಲೇ ಅಚ್ಚಾಗಿತ್ತು. ಹತ್ತು ಗಂಟೆಗೆ ಕ್ಲಾಸ್ ಇಟ್ಟವಳು ನಾನು.

ಆ ಹುಡುಗಿಯೇ ದಾರಿ ಹೇಳಿದಳು. "ಮೇಡಂ, ವಾಟ್ಸಾಪಲ್ಲಿ ವಾಯ್ಸ್ ಕಳ್ಸಿ. ರಾತ್ರಿ ಅಪ್ಪ ಬಂದ್ಮೇಲೆ ಕೇಳ್ತೀನಿ. ವಿಡಿಯೋ ಬೇಡ, ಡೇಟಾ ಖಾಲಿ ಆಗುತ್ತೆ." ಅಷ್ಟೇ. ನಾನು ಎಂಟು ನಿಮಿಷದ ಧ್ವನಿ ಪಾಠ ಮಾಡತೊಡಗಿದೆ. ಒಂದು ಪಾಠಕ್ಕೆ ಒಂದೇ ವಿಷಯ. ಮಾತೆಲ್ಲ ಕನ್ನಡ, ಪರೀಕ್ಷೆಯಲ್ಲಿ ಬೇಕಾಗುವ ಇಂಗ್ಲಿಷ್ ಪದಗಳನ್ನು ಮಾತ್ರ ಹಾಗೆಯೇ ಇಟ್ಟು, ಎರಡೆರಡು ಸಲ ಹೇಳುವುದು. ಕೊನೆಯಲ್ಲಿ ಒಂದು ಲೆಕ್ಕ. ಅದನ್ನು ಮಾಡಿ ಹಾಳೆಯ ಫೋಟೋ ಕಳಿಸಬೇಕು.

ಮೊದಲ ವಾರ ಲೆಕ್ಕ ಕಳಿಸಿದವರು ಇಪ್ಪತ್ತು ಜನ, ಅವುಗಳಲ್ಲಿ ಆರು ಒಬ್ಬನದೇ ಕಾಪಿ. ಪರವಾಗಿಲ್ಲ ಎಂದುಕೊಂಡೆ. ಆಮೇಲೆ ರಾತ್ರಿ ಒಂಬತ್ತೂವರೆ ಹತ್ತಕ್ಕೆ ಪ್ರಶ್ನೆಗಳು ಬರಲು ಶುರುವಾದವು. ತರಗತಿಯಲ್ಲಿ ಎರಡು ವರ್ಷ ಬಾಯಿ ಬಿಡದವರ ಪ್ರಶ್ನೆಗಳು. ಎಲ್ಲರ ಮುಂದೆ ಎದ್ದು ನಿಂತು ತಪ್ಪು ಇಂಗ್ಲಿಷ್ ಮಾತಾಡುವ ಭಯ ಅಲ್ಲಿರಲಿಲ್ಲ. ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಐದು ಸಲ ಕೇಳಬಹುದು. ಯಾರೂ ನೋಡುವುದಿಲ್ಲ, ಮೇಷ್ಟ್ರಿಗೂ ಬೇಸರವಾಗುವುದಿಲ್ಲ. ನನಗೆ ಆಗ ಈ ಶಾಲೆಯ ಬೋರ್ಡು ಒರೆಸುವ ಕೈ ನೆನಪಾಯಿತು.

ಆ ಪ್ರಶ್ನೆಗಳನ್ನು ಓದುತ್ತಾ ಹೋದಂತೆ ಇನ್ನೊಂದು ಗೊತ್ತಾಯಿತು. ಹನ್ನೊಂದು ವರ್ಷದಿಂದ ನಾನು ಡೆಬಿಟ್, ಕ್ರೆಡಿಟ್ ನಿಯಮಗಳನ್ನು ಮೊದಲ ವಾರದಲ್ಲೇ ಹೇಳಿ ಮುಂದೆ ಹೋಗುತ್ತಿದ್ದೆ. ಅವು ಯಾರಿಗೂ ಇಳಿದಿರಲಿಲ್ಲ. ಬಾಯಿಪಾಠ ಮಾಡಿ ಪಾಸಾಗುತ್ತಿದ್ದರು. ಹಾಗಾಗಿ ಹಾಲಿನ ಡೈರಿಯ ಉದಾಹರಣೆ ತೆಗೆದುಕೊಂಡೆ. ಹಳ್ಳಿಯ ಮನೆಯಲ್ಲಿ ಹಾಲಿನ ಪುಸ್ತಕ ಇದ್ದೇ ಇರುತ್ತದೆ. ಒಂದು ಬಟವಾಡೆಗೆ 4,800 ರೂಪಾಯಿಯ ಹಾಲು ಹಾಕಿದ್ದೀರಿ, ಡೈರಿ ನಿಮಗೆ ಅಷ್ಟು ಕೊಡಬೇಕು, ಡೈರಿ ಖಾತೆಗೆ ಅದು ಡೆಬಿಟ್. ಅದೇ ಡೈರಿಯಿಂದ 1,200 ರೂಪಾಯಿಯ ಫೀಡ್ ಮೂಟೆ ಸಾಲ ತಂದಿದ್ದೀರಿ, ಅದು ಕ್ರೆಡಿಟ್. ಹಿಡಿದುಕೊಂಡು ಕೈಗೆ ಕೊಟ್ಟದ್ದು 3,600, ಅದೂ ಕ್ರೆಡಿಟ್. ಖಾತೆ ಚುಕ್ತಾ.

ಮರುದಿನ ರಾತ್ರಿ ಆ ಹುಡುಗಿಯ ನಂಬರಿನಿಂದ ಕರೆ ಬಂತು. ಮಾತಾಡಿದವರು ಅವಳ ಅಪ್ಪ. ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಅಷ್ಟರಲ್ಲಿ ಇನ್ನಿಬ್ಬರು ಹುಡುಗಿಯರ ಮನೆಯಲ್ಲಿ ರಾತ್ರಿ ಹೊತ್ತು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರುತ್ತಾಳೆ ಎಂದು ಫೋನ್ ಕಿತ್ತುಕೊಂಡಿದ್ದರು. ಒಬ್ಬಳಿಗೆ ಗಂಡು ನೋಡಲು ಶುರು ಮಾಡಿದ್ದರು. ಇವರೂ ಅದೇ ಹೇಳಲು ಕರೆ ಮಾಡಿದ್ದಾರೆ ಎಂದುಕೊಂಡೆ. ಅವರು, "ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಲೆಕ್ಕ ಸರಿಯಿಲ್ಲ" ಅಂದರು. "ಮಗಳು ಯಾರ ಹತ್ರ ಮಾತಾಡ್ತಾಳೆ ಅಂತ ಫೋನ್ ಕಿತ್ಕೊಂಡು ನಾನೇ ಕೇಳ್ದೆ. ನೀವು ಡೈರಿ ವಿಷ್ಯ ಹೇಳ್ತಿದ್ರಿ. ನಮ್ಮ ಡೈರೀಲಿ ಫೀಡ್ ದುಡ್ಡು ಒಂದೇ ಸಲಕ್ಕೆ ಹಿಡಿಯಲ್ಲ. ಎರಡು ಬಟವಾಡೆಗೆ ಅರ್ಧರ್ಧ ಹಿಡೀತಾರೆ."

ಅವರು ಹೇಳಿದ್ದು ಸರಿ. ಹಾಗೆ ಮಾಡಿದರೆ ಈ ಬಟವಾಡೆಯಲ್ಲಿ ಕೈಗೆ 4,200 ಬರುತ್ತದೆ. ಡೆಬಿಟ್ ಕಡೆ 4,800, ಕ್ರೆಡಿಟ್ ಕಡೆ 1,200 ಮತ್ತು 4,200 ಸೇರಿ 5,400. ಉಳಿದ 600 ನಾವು ಡೈರಿಗೆ ಕೊಡಬೇಕಾದ್ದು, ಮುಂದಿನ ಬಟವಾಡೆಗೆ ಅದೇ ಆರಂಭದ ಶಿಲ್ಕು. ಕ್ಲೋಸಿಂಗ್ ಬ್ಯಾಲೆನ್ಸ್, ಓಪನಿಂಗ್ ಬ್ಯಾಲೆನ್ಸ್ ಎಂದು ನಾನು ಮುಂದಿನ ತಿಂಗಳು ಮಾಡಬೇಕಿದ್ದ ಪಾಠವನ್ನು ಅವರು ಫೋನಿನಲ್ಲಿ ಮಾಡಿಬಿಟ್ಟಿದ್ದರು. ಮರುದಿನದ ಧ್ವನಿ ಪಾಠ ಅದೇ. ಯಾರು ತಿದ್ದಿದರು ಎನ್ನುವುದನ್ನೂ ಹೇಳಿದೆ. ಆ ವಾರ ಐವತ್ತೊಂದು ಹಾಳೆ ಬಂದವು.

ಕಾಲೇಜು ತೆರೆದ ಮೇಲೂ ಇದನ್ನು ಬಿಡಲಿಲ್ಲ. ಹಿಂದಿನ ರಾತ್ರಿ ಎಂಟು ನಿಮಿಷದ ಪಾಠ ಹೋಗುತ್ತದೆ. ಮರುದಿನ ತರಗತಿಯಲ್ಲಿ ನಾನು ಮಾತಾಡುವುದು ಕಡಿಮೆ, ಅವರು ಲೆಕ್ಕ ಮಾಡುತ್ತಾರೆ, ನಾನು ಬೆಂಚುಗಳ ಮಧ್ಯೆ ಓಡಾಡುತ್ತೇನೆ. ಕೇಳದೆ ಬರುವವರು ಈಗಲೂ ಇದ್ದಾರೆ. ಅವರನ್ನು ಹಿಂದೆ ಕೂರಿಸಿ ಅಲ್ಲೇ ಕೇಳಿಸುತ್ತೇನೆ. 2021ರಲ್ಲಿ ಸರ್ಕಾರ ಸುಮಾರು ಒಂದೂವರೆ ಲಕ್ಷ ಕಾಲೇಜು ಮಕ್ಕಳಿಗೆ ಟ್ಯಾಬ್ ಕೊಟ್ಟಿತು, ಕಲಿಕೆಗೆಂದು ಎಲ್‌ಎಂಎಸ್ ಕೂಡ ಬಂತು. ಟ್ಯಾಬ್ ಬಂದ ಮೇಲೆ ಅಪ್ಪನ ಫೋನಿಗೆ ಕಾಯುವುದು ತಪ್ಪಿತು, ಅದು ಸಣ್ಣ ಮಾತಲ್ಲ. ಕೆಲವು ಮನೆಯಲ್ಲಿ ಅದು ತಮ್ಮನ ಗೇಮ್ ಆಡುವ ಹಲಗೆಯಾಯಿತು, ಅದನ್ನೂ ಹೇಳಬೇಕು. ಸಿದ್ಧ ಪಾಠಗಳಲ್ಲಿ ಒಳ್ಳೆಯವು ಬೇಕಾದಷ್ಟಿವೆ. ಆದರೆ ಬೇರೆಯವರು ಮಾಡಿದ ಪಾಠಕ್ಕೆ ನಮ್ಮ ಮಕ್ಕಳು ಪ್ರಶ್ನೆ ಕಳಿಸುವುದಿಲ್ಲ. ಪರಿಚಯದ ದನಿಗೆ ಕಳಿಸುತ್ತಾರೆ. ಹಾಗಾಗಿ ಅಧ್ಯಾಪಕ ಮಿತ್ರರಿಗೆ ನನ್ನದು ಒಂದೇ ಮಾತು: ನಿಮ್ಮ ದನಿಯಲ್ಲೇ ಮಾಡಿ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದರೂ ಚಿಂತೆಯಿಲ್ಲ, ನನ್ನ ಪಾಠಗಳಲ್ಲಿ ಕೂಗಿದೆ.

ಈಗ ಚಾಟ್‌ಜಿಪಿಟಿ ಬಂದಿದೆ. ಅಸೈನ್‌ಮೆಂಟುಗಳೆಲ್ಲ ಒಂದೇ ದಿನದಲ್ಲಿ ಸುಂದರ ಇಂಗ್ಲಿಷ್‌ನಲ್ಲಿ ಬರುತ್ತಿವೆ. ನಾನು ಬೈಯುವುದಿಲ್ಲ. "ಇದನ್ನ ನಿಮ್ಮನೆ ಹಾಲಿನ ಪುಸ್ತಕದಲ್ಲಿ ತೋರ್ಸಪ್ಪ" ಎನ್ನುತ್ತೇನೆ. ಓದಿ ಅರ್ಥ ಮಾಡಿಕೊಂಡವನು ತೋರಿಸುತ್ತಾನೆ. ಉಳಿದವನು ಪುಸ್ತಕ ತರುತ್ತೇನೆಂದು ಹೋಗುತ್ತಾನೆ.

ಆ ಹುಡುಗಿ ಡಿಗ್ರಿ ಮುಗಿಸಿದಳು, ಈಗ ಹತ್ತಿರದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾಳೆ. ಫೋನ್ ಕಿತ್ತುಕೊಂಡರಲ್ಲ, ಆ ಇಬ್ಬರಲ್ಲಿ ಒಬ್ಬಳು ಪರೀಕ್ಷೆಗೆ ಬಂದಳು. ಇನ್ನೊಬ್ಬಳು ಬರಲಿಲ್ಲ. ಅವಳ ಮನೆಗೆ ನಾನು ಹೋದದ್ದು ತಡವಾಗಿ, ಚಪ್ಪರ ಹಾಕಿದ ಮೇಲೆ.

ಊರಿನ ಹಿರಿಯರಲ್ಲಿ, ತಾಯಂದಿರಲ್ಲಿ ನಾನು ಕೇಳುವುದು ಇದನ್ನೇ. ಮಗಳು ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂತರೆ ಫೋನ್ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ನೀವೂ ಒಂದು ಕಿವಿಗೆ ಹಾಕಿಕೊಳ್ಳಿ. ತಪ್ಪಿದ್ದರೆ ನನಗೆ ಫೋನ್ ಮಾಡಿ.

ಹಳೆಯ ವಿದ್ಯಾರ್ಥಿಗಳ ಸಂಘದವರು ಸುವರ್ಣ ಮಹೋತ್ಸವದ ನೆನಪಿಗೆ ಏನು ಮಾಡೋಣ ಎಂದು ಕೇಳಿದ್ದೀರಿ. ಕಮಾನು ಬೇಡ ಎನ್ನುವುದು ನನ್ನ ಅಭಿಪ್ರಾಯ, ಕಮಾನು ಕಟ್ಟಬೇಕೆನ್ನುವವರು ಕ್ಷಮಿಸಬೇಕು. ಇದೇ ಶಾಲೆಯ ಒಂದು ಕೊಠಡಿಯನ್ನು ಸಂಜೆ ಆರರಿಂದ ಒಂಬತ್ತರವರೆಗೆ ತೆರೆದಿಡೋಣ. ಹತ್ತು ಮೇಜು, ಒಂದು ವೈಫೈ, ಯುಪಿಎಸ್, ನಾಲ್ಕು ಕಂಪ್ಯೂಟರ್. ಹೈಸ್ಕೂಲು ಮಕ್ಕಳಿಗೆ ಮಾತ್ರವಲ್ಲ, ಇಲ್ಲಿಂದ ಹೋಗಿ ನೆಲಮಂಗಲಕ್ಕೋ ತುಮಕೂರಿಗೋ ಕಾಲೇಜಿಗೆ ಓಡಾಡುವ ಮಕ್ಕಳಿಗೂ. ಒಂಬತ್ತಕ್ಕೆ ಹೆಣ್ಣುಮಕ್ಕಳನ್ನು ಮನೆಗೆ ಬಿಟ್ಟು ಬರುವ ಏರ್ಪಾಡೂ ಇರಬೇಕು, ಇಲ್ಲದಿದ್ದರೆ ಅವರು ಬರುವುದಿಲ್ಲ. ಒಂದು ಕಂಪ್ಯೂಟರ್ ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ. ಶನಿವಾರ ಸಂಜೆ ನಾನು ಬಂದು ಕೂರುತ್ತೇನೆ. ಬೀಗದ ಕೈ ಯಾರ ಹತ್ತಿರ ಇರಬೇಕು ಎನ್ನುವುದನ್ನು ಸಮಿತಿಯವರು ಇವತ್ತೇ ತೀರ್ಮಾನ ಮಾಡಿದರೆ ಒಳ್ಳೆಯದು.