ಸೋವಿ ರೆಕಾರ್ಡಿನ ರುಚಿ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ, ಉದ್ಯೋಗ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಬೆಳಗಿನಿಂದ ಬಹಳಷ್ಟು ಕೇಳಿದ್ದೀರಿ. ಊಟವಾದ ಮೇಲಿನ ಈ ಹೊತ್ತಿನಲ್ಲಿ ಹುಡುಗರಿಗೆ ನಿದ್ದೆ ಬಾರದಂತೆ ಏನಾದರೂ ಹೇಳಿ ಎಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನನಗೆ ತಿಳಿದಿರುವುದು ಎರಡೇ ವಿಷಯ. ಒಂದು ಭೌತಶಾಸ್ತ್ರ, ಇನ್ನೊಂದು ಹಳೆಯ ಗ್ರಾಮಫೋನ್ ರೆಕಾರ್ಡು. ಮೊದಲನೆಯದನ್ನು ಎತ್ತಿಕೊಂಡರೆ ನೀವು ಮಲಗುವುದು ಖಂಡಿತ. ಆದ್ದರಿಂದ ಎರಡನೆಯದನ್ನೇ ಹೇಳುತ್ತೇನೆ.

ಸಂಗೀತ ಕೇಳುವುದರ ಬಗ್ಗೆ ನಮ್ಮ ಉಲಮಾಗಳಲ್ಲಿ ಭಿನ್ನ ಅಭಿಪ್ರಾಯಗಳಿವೆ. ಅದನ್ನು ತೀರ್ಮಾನಿಸುವ ಯೋಗ್ಯತೆ ನನಗಿಲ್ಲ. ಆದರೆ ರೆಕಾರ್ಡು ಎಂದರೆ ಬರೀ ಸಿನಿಮಾ ಹಾಡು ಎಂದು ತಿಳಿಯಬೇಡಿ. ನನ್ನ ಪೆಟ್ಟಿಗೆಗಳಲ್ಲಿ ನಾತ್ ಇವೆ, ಕವ್ವಾಲಿ ಇವೆ, ಖಯಾಲ್ ಇವೆ, ಭಾಷಣಗಳೂ ಇವೆ. ಇಡೀ ಪವಿತ್ರ ಕುರ್‌ಆನಿನ ಪಾರಾಯಣ ಮೊಟ್ಟಮೊದಲು ಧ್ವನಿಮುದ್ರಣವಾಗಿ ಹೊರಬಂದದ್ದು 1961ರಲ್ಲಿ, ಈಜಿಪ್ಟಿನ ಶೇಖ್ ಮಹಮೂದ್ ಖಲೀಲ್ ಅಲ್ ಹುಸರಿಯವರ ಕಂಠದಲ್ಲಿ. ಇಂದು ನೀವು ಮೊಬೈಲಿನಲ್ಲಿ ಒತ್ತಿದ ಕೂಡಲೇ ಕೇಳುವ ಪಾರಾಯಣಗಳ ಹಿಂದೆ ಆ ಕೆಲಸವಿದೆ.

ರೆಕಾರ್ಡು ಕೂಡಿಸುವವರಲ್ಲಿ ಎರಡು ಜಾತಿ. ಸದ್ದಿನ ಶುದ್ಧಿ ಹುಡುಕುವವರದು ಒಂದು, ಸೋವಿಯಲ್ಲಿ ಸಿಕ್ಕಿದ್ದಕ್ಕೆ ಹಿಗ್ಗುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಬೆಂಗಳೂರಿಗೆ ಹೋದರೆ ಭಾನುವಾರದ ಗುಜರಿ ಸಂತೆ, ಮುಂಬಯಿಗೆ ಹೋದರೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಮದುವೆಗೆಂದು ಹೋಗಿ ನಿಕಾಹ್ ತಪ್ಪಿಸಿಕೊಂಡು ಗುಜರಿಯಲ್ಲಿ ಕೂತದ್ದೂ ಉಂಟು. ಹತ್ತು ರೂಪಾಯಿಗೆ ಒಂದರಂತೆ ಇಪ್ಪತ್ತು ರೆಕಾರ್ಡು ಹೊತ್ತು ತರುವಾಗ ಆಗುವ ಸಂತೋಷವನ್ನು ಬಾಯಲ್ಲಿ ಹೇಳಲಾರೆ. ನನ್ನ ಗೆಳೆಯರೊಬ್ಬರು ಎಂಜಿನಿಯರು, ಮೊದಲನೆಯ ಜಾತಿಯವರು. ಅವರ ಹತ್ತಿರ ಇರುವುದು ನಲವತ್ತೇ ರೆಕಾರ್ಡು, ಒಂದೊಂದೂ ಕನ್ನಡಿಯಂತಿದೆ. ನನ್ನಲ್ಲಿ ಸಾವಿರ ದಾಟಿದೆ. ಒಮ್ಮೆ ನಮ್ಮ ಮನೆಗೆ ಬಂದು ನಾಲ್ಕು ರೆಕಾರ್ಡು ಕೇಳಿ ಎದ್ದರು. ಹೋಗುವಾಗ ಹೇಳಿದರು: "ಮಾಸ್ತರೇ, ನೀವು ಹಾಡು ಕೊಳ್ಳುವುದಿಲ್ಲ, ಸೋವಿ ಕೊಳ್ಳುತ್ತೀರಿ." ಈ ಮಾತು ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ.

ಅವರ ವಾದದಲ್ಲಿ ಸತ್ಯ ಎಷ್ಟಿದೆ ಎಂದು ತಿಳಿಯಬೇಕಾದರೆ ಆ ಕಪ್ಪು ತಟ್ಟೆ ಏನು ಎಂಬುದು ಗೊತ್ತಿರಬೇಕು. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ರೆಕಾರ್ಡು ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಮರಗಳ ಮೇಲೆ ಕೂರುವ ಪುಟ್ಟ ಹುಳು ಸುರಿಸುವ ಅರಗು. ಅದಕ್ಕೆ ಕಲ್ಲಿನ ನುಣ್ಣನೆ ಪುಡಿ, ಹತ್ತಿಯ ನಾರು, ಕಾಡಿಗೆ ಬೆರೆಸಿ ಬಿಸಿಯಲ್ಲಿ ಒತ್ತುತ್ತಿದ್ದರು. ಹತ್ತು ಇಂಚಿನ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುವ ಉಸ್ತಾದರು ಆ ಮೂರು ನಿಮಿಷದಲ್ಲಿ ಒಂದು ರಾಗವನ್ನು ಹಿಡಿದು ಕೊಡಬೇಕಾಗಿತ್ತು. ಮೆದುವಾದ ವಿನೈಲಿನ ಎಲ್‌ಪಿ ಅಮೆರಿಕದಲ್ಲಿ ಬಂದದ್ದು 1948ರಲ್ಲಿ.

ಕಲ್ಲಿನ ಪುಡಿ ಯಾಕೆ? ಹಳೆಯ ಗ್ರಾಮಫೋನಿನ ಸೂಜಿ ಉಕ್ಕಿನದು. ರೆಕಾರ್ಡಿನ ಮೊದಲ ಕೆಲವು ಸುತ್ತುಗಳಲ್ಲಿಯೇ ಆ ಪುಡಿ ಸೂಜಿಯ ತುದಿಯನ್ನು ತೇಯ್ದು ಗೆರೆಯ ಆಕಾರಕ್ಕೆ ತರುತ್ತಿತ್ತು. ಎಂದರೆ ಸೂಜಿ ಸವೆಯಲೆಂದೇ ಮಾಡಿದ ವ್ಯವಸ್ಥೆ. ಒಂದು ಬದಿ ಮುಗಿದರೆ ಹೊಸ ಸೂಜಿ ಹಾಕಬೇಕೆಂಬುದು ನಿಯಮ. ನಮ್ಮ ಮನೆಗಳಲ್ಲಿ ಯಾರು ಹಾಗೆ ಮಾಡುತ್ತಿದ್ದರು? ಒಂದು ಸೂಜಿಗೆ ಇಪ್ಪತ್ತು ಹಾಡು. ಸವೆದು ಉಳಿಯಂತಾದ ಆ ಸೂಜಿ ಮುಂದಿನ ರೆಕಾರ್ಡಿನ ಗೆರೆಯನ್ನು ಕೆತ್ತಿಹಾಕುತ್ತಿತ್ತು. ಒಂದು ಕಾಸಿನ ಸೂಜಿ ಉಳಿಸಲು ಹೋಗಿ ರೂಪಾಯಿಗಳ ರೆಕಾರ್ಡು ಕಳೆದುಕೊಂಡರು. ಗುಜರಿಯಲ್ಲಿ ಸಿಗುವ ರೆಕಾರ್ಡುಗಳ ಕರಕರ ಸದ್ದಿನಲ್ಲಿ ಅರ್ಧ ಈ ಉಳಿತಾಯದ್ದು.

ಇನ್ನರ್ಧ ಕೇಳುವವರ ತಪ್ಪು. 78ರ ಗೆರೆ ಎಲ್‌ಪಿ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸಣ್ಣ ಸೂಜಿಯನ್ನು ಅದರಲ್ಲಿ ಇಟ್ಟರೆ ಅದು ಗೋಡೆಗಳನ್ನು ಮುಟ್ಟದೆ ತಳದ ಧೂಳಿನಲ್ಲಿ ಓಡಾಡುತ್ತದೆ. ಕೇಳುವುದು ಹಾಡಲ್ಲ, ಕಸ. ನಾನು ಎಂಟು ವರ್ಷ ಹೀಗೆಯೇ ಕೇಳಿ "ಹಳೇ ರೆಕಾರ್ಡು ಅಂದರೆ ಹೀಗೇ" ಎಂದು ಸಮಾಧಾನ ಮಾಡಿಕೊಂಡಿದ್ದೆ. ತಕ್ಕ ಸೂಜಿ ತರಿಸಿಕೊಟ್ಟವರು ಅದೇ ಎಂಜಿನಿಯರ್ ಗೆಳೆಯರು. ಅದರ ಬೆಲೆ ನನ್ನ ನೂರು ರೆಕಾರ್ಡುಗಳ ಬೆಲೆಗಿಂತ ಹೆಚ್ಚಾಗಿತ್ತು, ಕೊಡುವಾಗ ಹೊಟ್ಟೆ ಉರಿಯಿತು. ಆದರೆ ಆ ರಾತ್ರಿ, ಕೆಟ್ಟುಹೋಗಿದೆ ಎಂದು ಬದಿಗಿಟ್ಟಿದ್ದ ರೆಕಾರ್ಡುಗಳಿಂದ ಉಸಿರೆಳೆದುಕೊಳ್ಳುವ ಸದ್ದು ಕೂಡ ಕೇಳಿಸಿತು.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ, ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ. ಅರಗು ಮದ್ಯಸಾರದಲ್ಲಿ ಕರಗುತ್ತದೆ ಎಂದು ನಾನೇ ತರಗತಿಯಲ್ಲಿ ಹೇಳಿದವನು. ಮನೆಯಲ್ಲಿ ಕೊಳೆಯಾದ ಒಂದು ರೆಕಾರ್ಡನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಂತು ಎಂದು ಹಿಗ್ಗಿ ಇನ್ನಷ್ಟು ತಿಕ್ಕಿದೆ. ಬಂದದ್ದು ಕೊಳೆಯಲ್ಲ, ಹಾಡು.

ಹಾಗಾದರೆ ಸದ್ದಿನ ಶುದ್ಧಿಯೇ ಎಲ್ಲವೇ? ನಾನು ಒಪ್ಪುವುದಿಲ್ಲ. ಭಾರತದಲ್ಲಿ ರೆಕಾರ್ಡಿಗೆ ಹಾಡಿದ ಮೊದಲಿಗರಲ್ಲಿ ಗೌಹರ್ ಜಾನ್ ಒಬ್ಬರು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬವರು ಅವರ ಹಾಡನ್ನು ಮುದ್ರಿಸಿಕೊಂಡರು. ಮೈಕ್ ಇಲ್ಲದ ಕಾಲ. ದೊಡ್ಡ ಕೊಂಬಿನ ಬಾಯಿಗೆ ಮುಖವಿಟ್ಟು ಹಾಡಬೇಕು. ವಿದ್ಯುತ್ತಿನ ಮುದ್ರಣ ಬಂದದ್ದು 1925ರಲ್ಲಿ, ಅಲ್ಲಿಯವರೆಗೆ ಸಣ್ಣ ಸ್ವರ, ಮಂದ್ರ ಸ್ವರ ಎರಡೂ ಸರಿಯಾಗಿ ಹತ್ತುತ್ತಿರಲಿಲ್ಲ. ಹಾಡು ಮುಗಿದ ಕೂಡಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತಲು ಜರ್ಮನಿಯ ಹ್ಯಾನೋವರಿಗೆ ಕಳಿಸುತ್ತಿದ್ದರು, ಅಲ್ಲಿನವರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಮೈಸೂರಿಗೆ ಬಂದು, 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಕಂಠ ಇಂದು ನಮಗೆ ಕೇಳಿಸುವುದು ಕರಕರ ಸದ್ದಿನ ತಟ್ಟೆಗಳಿಂದಲೇ. ಶುದ್ಧ ಸದ್ದೇ ಬೇಕೆಂದರೆ ಗೌಹರ್ ಜಾನ್ ಇಲ್ಲ.

ಗದಗಿನ ಹುಡುಗ ಭೀಮಸೇನ ಜೋಶಿಯವರ ಕಥೆ ನಿಮಗೆ ಗೊತ್ತು. ಅಂಗಡಿಯಲ್ಲಿ ಹಾಕಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ ಹೀಗೆ ಹಾಡಬೇಕು ಎಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಅಂಗಡಿಯ ಗ್ರಾಮಫೋನು, ರಸ್ತೆಯ ಗದ್ದಲ, ಉಕ್ಕಿನ ಸೂಜಿ. ನನ್ನ ಎಂಜಿನಿಯರ್ ಗೆಳೆಯರು ಆ ಸದ್ದಿಗೆ ನೂರಕ್ಕೆ ಹದಿನೈದು ಅಂಕ ಕೊಡುತ್ತಿದ್ದರೇನೋ.

ಈಗ ನಾನು ಹೇಳಲೇಬೇಕೆಂದು ಬಂದ ವಿಷಯಕ್ಕೆ ಬರುತ್ತೇನೆ. ಹೇಳಲು ಸ್ವಲ್ಪ ನಾಚಿಕೆಯಿದೆ.

2003ರಲ್ಲಿ ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ತೀರಿಕೊಂಡರು. ಅವರ ಮನೆಯಲ್ಲಿ ರೆಕಾರ್ಡುಗಳಿವೆ, ಮುಂದಿನ ವಾರ ಗುಜರಿಯವನಿಗೆ ಕೊಡುತ್ತಾರೆ ಎಂದು ಸುದ್ದಿ ಬಂತು. ನಾನು ಮರುದಿನವೇ ಬಸ್ಸು ಹತ್ತಿದೆ. ಎಪ್ಪತ್ತು ದಾಟಿದ ತಾಯಿ, ಇದ್ದತ್ ಮುಗಿದು ಕೆಲವೇ ದಿನವಾಗಿತ್ತು. ಮಗನ ಮೂಲಕ ಮಾತು. ಪೆಟ್ಟಿಗೆ ತೆರೆದರು. ಅರವತ್ತು ಚಿಲ್ಲರೆ ರೆಕಾರ್ಡು. ತಳದಲ್ಲಿ ಒಂದು ತಟ್ಟೆ, ಒಂದೇ ಬದಿಗೆ ಹಾಡು, ಹಿಂಬದಿಯಲ್ಲಿ ಗರಿ ಹಿಡಿದು ಕೂತ ದೇವದೂತನ ಮುದ್ರೆ. ನಾಯಿಯ ಚಿತ್ರ ಬರುವ ಮೊದಲು ಆ ಕಂಪನಿ ಹಾಕುತ್ತಿದ್ದ ಗುರುತು ಅದು. ಎಂದರೆ ತಟ್ಟೆಗೆ ನೂರು ವರ್ಷದ ಹತ್ತಿರ ಹತ್ತಿರ. ಒಂದು ಗೀಚೂ ಇಲ್ಲ. ನನ್ನ ಎದೆ ಹೊಡೆದುಕೊಂಡ ಸದ್ದು ಅವರಿಗೆ ಕೇಳಿಸಲಿಲ್ಲವೆಂಬುದೇ ಆಶ್ಚರ್ಯ. ಮುಖವನ್ನು ಸಪ್ಪಗೆ ಮಾಡಿಕೊಂಡು, "ಎಲ್ಲಾ ಹಳೇದು ಖಾಲಾ, ಎಷ್ಟಕ್ಕೆ ಕೊಡುತ್ತೀರಿ?" ಎಂದೆ. "ಗುಜರಿಯವನು ನೂರೈವತ್ತು ಅಂದಿದ್ದಾನೆ ಬೇಟಾ, ನೀನು ಇನ್ನೂರು ಕೊಡು" ಎಂದರು. ಇನ್ನೂರು ಕೊಟ್ಟೆ. ಪೆಟ್ಟಿಗೆ ಸಮೇತ ತಂದೆ.

ವಿದ್ಯಾರ್ಥಿಗಳೇ, ನಮ್ಮ ಫಿಕ್ಹ್‌ನಲ್ಲಿ ಒಂದು ನಿಯಮವಿದೆ. ಸರಕು ತರುವ ಸಾರ್ಥವಾಹರನ್ನು ಊರ ಹೊರಗೇ ಎದುರುಗೊಂಡು ವ್ಯಾಪಾರ ಮಾಡುವುದನ್ನು ಪ್ರವಾದಿ(ಸ)ರವರು ತಡೆದರು. ಯಾಕೆಂದರೆ ಅವರಿಗೆ ಇನ್ನೂ ಪೇಟೆಯ ದರ ಗೊತ್ತಿಲ್ಲ. ಪೇಟೆಗೆ ಬಂದು ದರ ತಿಳಿದ ಮೇಲೆ ಆ ವ್ಯಾಪಾರವನ್ನು ಮುರಿಯುವ ಹಕ್ಕು ಮಾರಿದವನಿಗಿದೆ. ನಾನು ಬಸ್ಸು ಹತ್ತಿ ಹೋದದ್ದು ಇನ್ನೇನು? ಹಜ್ರತ್ ಜರೀರ್ ಬಿನ್ ಅಬ್ದುಲ್ಲಾ(ರ) ಅವರ ಪ್ರಸಂಗವನ್ನೂ ಕೇಳಿರಬಹುದು. ಮುನ್ನೂರು ದಿರ್ಹಮಿಗೆ ಗೊತ್ತಾದ ಕುದುರೆಯನ್ನು ನೋಡಿ, ಇದಕ್ಕೆ ಇನ್ನೂ ಹೆಚ್ಚು ಬೆಲೆಯಿದೆ ಎಂದು ಮಾರುವವನಿಗೆ ತಾವೇ ಹೇಳಿ, ಏರಿಸುತ್ತಾ ಏರಿಸುತ್ತಾ ಎಂಟುನೂರು ಕೊಟ್ಟರಂತೆ. ಈ ಪ್ರಸಂಗವನ್ನು ನಾನೇ ಒಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ!

ಆ ರಾತ್ರಿ ತಟ್ಟೆಯನ್ನು ಹಾಕಿದೆ. ಅಷ್ಟು ಹಳೆಯ ಮುದ್ರಣ ಅಷ್ಟು ಸ್ವಚ್ಛವಾಗಿ ನಾನು ಎಂದೂ ಕೇಳಿರಲಿಲ್ಲ. ನನ್ನ ಗೆಳೆಯರು ಹುಡುಕುವ ಸದ್ದು, ನಾನು ಹುಡುಕುವ ಬೆಲೆ, ಎರಡೂ ಒಂದೇ ತಟ್ಟೆಯಲ್ಲಿ. ಆದರೂ ಪೂರ್ತಿ ಕೇಳಲಾಗಲಿಲ್ಲ. ಎರಡು ವಾರ ಹೀಗೆಯೇ ಕಳೆಯಿತು. ಮೂರನೆಯ ವಾರ ಪೇಟೆಯಲ್ಲಿ ಬಲ್ಲವರನ್ನು ಕೇಳಿ, ಅವರು ಹೇಳಿದ ಬೆಲೆಯನ್ನು ಲಕೋಟೆಯಲ್ಲಿಟ್ಟುಕೊಂಡು ಮತ್ತೆ ಅದೇ ಬಸ್ಸು ಹತ್ತಿದೆ. ಇಡೀ ಪೆಟ್ಟಿಗೆಯನ್ನೂ, ಸಣ್ಣ ಗ್ರಾಮಫೋನನ್ನೂ ಹೊತ್ತು ಹೋದೆ, ಬೇಡವೆಂದರೆ ವಾಪಸು ಕೊಡೋಣ ಎಂದು.

ಇದ್ದದ್ದನ್ನು ಇದ್ದಂತೆ ಹೇಳಿದೆ. ಮಗ ನನ್ನ ಮುಖವನ್ನೇ ನೋಡಿದ. ಖಾಲಾ ಲಕೋಟೆ ತೆಗೆದುಕೊಂಡು, ಎಣಿಸದೆ ಮಗನ ಕೈಗೆ ಕೊಟ್ಟರು. ಆ ದೇವದೂತನ ತಟ್ಟೆಯನ್ನು ತಿರುಗಿಸಿ ನೋಡಿ, "ಇದು ನಮ್ಮ ಮಾವನವರದು, ಯಾರೂ ಹಾಕುತ್ತಿರಲಿಲ್ಲ" ಎಂದರು. ಅದು ಕನ್ನಡಿಯಂತೆ ಉಳಿದದ್ದು ಯಾಕೆಂದು ಆಗ ತಿಳಿಯಿತು. ಆ ಮನೆಯಲ್ಲಿ ಅದನ್ನು ಯಾರೂ ಕೇಳಿರಲೇ ಇಲ್ಲ.

ಆಮೇಲೆ ಅವರೇ ಪೆಟ್ಟಿಗೆಗೆ ಕೈ ಹಾಕಿ ಒಂದು ತಟ್ಟೆ ಹುಡುಕಿ ತೆಗೆದರು. ಕಾಲೂ ಕವ್ವಾಲ್ ಅವರ ಕವ್ವಾಲಿ. ಅಂಚು ಒಡೆದಿತ್ತು, ಗೆರೆಗಳು ಸವೆದು ಬೂದಿ ಬಣ್ಣಕ್ಕೆ ಬಂದಿದ್ದವು. ಎರಡು ವಾರದ ಹಿಂದೆ ಎಸೆಯುವ ರಾಶಿಯಲ್ಲಿ ನಾನು ಇಟ್ಟಿದ್ದ ತಟ್ಟೆ ಅದು. "ಇದನ್ನು ಹಾಕು" ಎಂದರು. ಹೊಸ ಸೂಜಿ ಹಾಕಿ ಇಟ್ಟೆ. ಮಳೆ ಸುರಿದಂತಹ ಸದ್ದು, ಅದರೊಳಗೆ ಎಲ್ಲೋ ದೂರದಲ್ಲಿ ಹಾರ್ಮೋನಿಯಂ, ಚಪ್ಪಾಳೆ. ನನಗೆ ಒಂದು ಪದವೂ ಹಿಡಿಯಲಿಲ್ಲ. ಅವರು ಮಾತ್ರ ಸದ್ದಿನೊಳಗೆ ಪದಗಳು ಎಲ್ಲಿವೆಯೋ ಅಲ್ಲಿಗೆ ಸರಿಯಾಗಿ ತುಟಿ ಆಡಿಸುತ್ತಿದ್ದರು. ತಟ್ಟೆಯಲ್ಲಿ ಸವೆದದ್ದು ಅವರಲ್ಲಿ ಹಾಗೆಯೇ ಇತ್ತು. "ಜುಮೇರಾತಿನ ರಾತ್ರಿ ಇದನ್ನು ಹಾಕದೆ ಅವರಿಗೆ ಊಟ ಸೇರುತ್ತಿರಲಿಲ್ಲ" ಎಂದಷ್ಟೇ ಹೇಳಿ ಚಹಾ ಮಾಡಲು ಎದ್ದರು.

ರೆಕಾರ್ಡುಗಳು ಬೇಡ ಎಂದರು, ಹಾಕಲು ಯಂತ್ರವಿಲ್ಲ. ಆ ಒಂದನ್ನು ಮಾತ್ರ ಗೋಡೆಗೆ ಒರಗಿಸಿ ಇಟ್ಟುಕೊಂಡರು. ಇನ್ನು ಪೆಟ್ಟಿಗೆ. "ಬೇಟಾ, ಪೆಟ್ಟಿಗೆ ಬಿಟ್ಟು ಹೋಗು, ರಜಾಯಿ ಇಡಲು ಜಾಗವಿಲ್ಲದೆ ಹದಿನೈದು ದಿನದಿಂದ ಒದ್ದಾಡುತ್ತಿದ್ದೇನೆ" ಎಂದರು. ಅವರ ನಿಜವಾದ ನಷ್ಟ ಪೆಟ್ಟಿಗೆಯೇ ಆಗಿತ್ತು! ಉಳಿದ ರೆಕಾರ್ಡುಗಳನ್ನು ಎರಡು ಗೋಣಿಚೀಲದಲ್ಲಿ, ಒಡೆಯದಂತೆ ನಡುನಡುವೆ ದಿನಪತ್ರಿಕೆ ಇಟ್ಟು, ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಬಂದೆ. ಕಂಡಕ್ಟರು ಎರಡು ಟಿಕೆಟು ಹರಿದ.

ಗುಜರಿಗೆ ನಾನು ಈಗಲೂ ಹೋಗುತ್ತೇನೆ, ಚೌಕಾಸಿಯೂ ಮಾಡುತ್ತೇನೆ. ಗುಜರಿಯವನಿಗೆ ತನ್ನ ಸರಕಿನ ದರ ನನಗಿಂತ ಚೆನ್ನಾಗಿ ಗೊತ್ತು, ಅವನ ಬಗ್ಗೆ ನನಗೆ ಚಿಂತೆಯಿಲ್ಲ. ಆದರೆ ಮನೆಗಳಿಗೆ ಹೋದರೆ ಮೊದಲು ಬೆಲೆ ಹೇಳುವವನು ನಾನೇ. ಇದರಿಂದ ನಾಲ್ಕೈದು ಒಳ್ಳೆಯ ತಟ್ಟೆಗಳು ಕೈತಪ್ಪಿವೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಿಮ್ಮ ಅಜ್ಜಿಯರ ಮನೆಯ ಅಟ್ಟದ ಮೇಲೆ ಇಂಥ ತಟ್ಟೆಗಳಿದ್ದರೆ ಒಂದರ ಮೇಲೊಂದು ಮಲಗಿಸಬೇಡಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಸ್ಪಿರಿಟ್ ಮುಟ್ಟಿಸಬೇಡಿ. ತಟ್ಟೆಯ ಮೇಲಿನ ಹೆಸರು, ನಂಬರು ಬರೆದುಕೊಳ್ಳಿ. ಮುಂಬಯಿಯಲ್ಲಿ 1990ರಲ್ಲಿ ಶುರುವಾದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘದವರು ಇಂಥ ಪಟ್ಟಿಗಳನ್ನೇ ಕೂಡಿಸಿ ಎಷ್ಟೋ ಮರೆತ ಗಾಯಕರ ಇತಿಹಾಸ ಬರೆದಿದ್ದಾರೆ. ಆಮೇಲೆ ಆ ತಟ್ಟೆಗಳಲ್ಲಿ ಯಾವುದು ಹೆಚ್ಚು ಸವೆದಿದೆ ನೋಡಿ, ಅದರ ಬಗ್ಗೆ ಮನೆಯ ಹಿರಿಯರನ್ನು ಕೇಳಿ.

ದೇವದೂತನ ತಟ್ಟೆಯನ್ನು ಇವತ್ತು ತಂದಿದ್ದೇನೆ, ಗ್ರಾಮಫೋನೂ ಇದೆ. ಅಸರ್ ನಮಾಜಿನ ನಂತರ ಗ್ರಂಥಾಲಯದ ಕೋಣೆಯಲ್ಲಿ ಹಾಕುತ್ತೇನೆ, ಕೇಳಬೇಕೆನ್ನುವವರು ಬನ್ನಿ. ಮೂರು ನಿಮಿಷದ ಹಾಡು, ತಡವಾಗಿ ಬಂದವರಿಗೆ ಇನ್ನೊಮ್ಮೆ ಹಾಕುವುದಿಲ್ಲ. ಸೂಜಿಗೆ ಯಾರೂ ಕೈ ಹಚ್ಚಬೇಡಿ.