ಊರಿಗೆ ತಕ್ಕ ಶಕ್ತಿ, ಕೆಲಸಕ್ಕೆ ತಕ್ಕ ಯಂತ್ರ



ಮೂವತ್ತು ವರ್ಷ ಲೈನು, ಟ್ರಾನ್ಸ್‌ಫಾರ್ಮರ್, ಫೀಡರುಗಳ ನಡುವೆ ದುಡಿದು ನಿವೃತ್ತನಾದ ಎಂಜಿನಿಯರನೊಬ್ಬನನ್ನು ಪರ್ಯಾಯ ಇಂಧನದ ಸಮಾವೇಶಕ್ಕೆ ಅಧ್ಯಕ್ಷನನ್ನಾಗಿ ಕೂರಿಸಿದ್ದೀರಿ. ಈ ಗೌರವಕ್ಕೆ ಕೃತಜ್ಞ. ಸುರಿಯುವ ಮಳೆಯಲ್ಲಿ ಕಂಬ ಹತ್ತಿ ನಮ್ಮ ಮನೆಗಳಿಗೆ ಬೆಳಕು ಕೊಟ್ಟ, ಆ ಕೆಲಸದಲ್ಲೇ ಜೀವ ತೆತ್ತ ಲೈನ್‌ಮ್ಯಾನ್‌ಗಳನ್ನು ನೆನೆದು ನನ್ನ ಮಾತು ಆರಂಭಿಸುತ್ತೇನೆ. ಪರ್ಯಾಯ ಹುಡುಕುವುದೆಂದರೆ ಅವರ ದುಡಿಮೆಯನ್ನು ಅಲ್ಲಗಳೆಯುವುದಲ್ಲ, ಮುಂದುವರಿಸುವುದು.

ಕರ್ನಾಟಕದಲ್ಲಿ ನವೀಕರಿಸಬಹುದಾದ ಶಕ್ತಿ ಹೊಸ ಮಾತಲ್ಲ. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂತು. 1948ರಲ್ಲಿ ಜೋಗ, ಆಮೇಲೆ ಶರಾವತಿ, ಕಾಳಿ. ಹೀಗೆ ಎಂಟು ದಶಕ ನಾಡು ನಂಬಿದ್ದು ಹರಿಯುವ ನೀರನ್ನು. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಂದಿನಿಂದ ಹೊರರಾಜ್ಯಗಳ ಕಲ್ಲಿದ್ದಲು ರೈಲು ಹತ್ತಿ ಬರುತ್ತಿದೆ. ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕಿಲೋದ ಆಸುಪಾಸು ಕಲ್ಲಿದ್ದಲು ಉರಿಯಬೇಕು. ಅದರ ಹೊಗೆ ಆಕಾಶಕ್ಕೆ, ಅದರ ಬೂದಿ ಸುತ್ತಲಿನ ಹೊಲಗಳಿಗೆ.

ಹಾಗೆಂದು ನೀರಿನ ಕರೆಂಟೆಲ್ಲ ನಿಷ್ಕಳಂಕ ಎನ್ನುವಂತಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಊರುಗಳು, ಗದ್ದೆಗಳು, ದೇವರ ಬನಗಳು ಮುಳುಗಿದವು. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರಲ್ಲಿ ಎಷ್ಟೋ ಜನ ಹಿನ್ನೀರಿನ ದಡದಲ್ಲಿ ಬುಡ್ಡಿ ದೀಪದಡಿಯಲ್ಲೇ ಕಾಲ ಕಳೆದರು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಅಕ್ಟೋಬರಿನಲ್ಲೇ ಕರೆಂಟಿನ ಹಾಹಾಕಾರ ಎದ್ದದ್ದನ್ನೂ ಕಂಡೆವು. ಒಂದೇ ಮೂಲವನ್ನು ನೆಚ್ಚಿದರೆ ಆಗುವುದು ಇದೇ. ದೂರದವರಿಗೆ ಬೆಳಕು ಕೊಡುವ ಭರದಲ್ಲಿ ಹತ್ತಿರದವರನ್ನು ಮರೆತರೆ ಆಗುವುದೂ ಇದೇ. ಕಲ್ಲಿದ್ದಲಿನ ಜಾಗಕ್ಕೆ ಬಿಸಿಲನ್ನು ತಂದು ಇದೇ ಎರಡು ತಪ್ಪು ಮಾಡಿದರೆ ನಾವು ಕಲಿತದ್ದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ನಮ್ಮ ಹಳ್ಳಿಯ ಅಡುಗೆಮನೆಗಳಿಗೆ ಬಂದ ಅಸ್ತ್ರ ಒಲೆ ಅದರದೇ ಕೂಸು. ಪುರದಲ್ಲಿ ಈ ವಿಜ್ಞಾನಿಗಳು ಮೊದಲು ಹೊರಟದ್ದು ಊರಿಗೆಲ್ಲ ಅಡುಗೆಗೆ ಗೋಬರ್ ಗ್ಯಾಸ್ ಕೊಡಲು. ಊರಿನ ದನಗಳ ಸಗಣಿ ಎಲ್ಲರ ಒಲೆಗೆ ಸಾಲಲಿಲ್ಲ. ಆಗ ಅವರು ಊರವರ ಮಾತಿಗೆ ಕಿವಿಗೊಟ್ಟರು. ಊರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕರೆಂಟು ಮಾಡಿದರು. 1987ರಿಂದ ಕೊಳವೆಬಾವಿಯ ನೀರು ಊರಿನ ನಲ್ಲಿಗಳಿಗೆ ಬಂತು, ಮನೆಗಳಿಗೆ ದೀಪ ಬಂತು. ಸಗಣಿ ತಂದವರಿಗೆ ತೂಕಕ್ಕೆ ತಕ್ಕ ಹಣ, ಜೊತೆಗೆ ಸ್ಲರಿ ಗೊಬ್ಬರ ವಾಪಸ್ಸು. ಯಂತ್ರ ನೋಡಿಕೊಂಡವರು ಊರಿನ ಹುಡುಗರೇ.

ಇದರಲ್ಲಿರುವ ಪಾಠವೇ ನನ್ನ ಇಂದಿನ ಮಾತಿನ ತಿರುಳು. ಜನಕ್ಕೆ ಬೇಕಾದ್ದು ಮೆಗಾವ್ಯಾಟ್ ಅಲ್ಲ. ನಲ್ಲಿಯಲ್ಲಿ ನೀರು ಬೇಕು, ಓದುವ ಮಗುವಿಗೆ ಬೆಳಕು ಬೇಕು, ಬೇಯುವ ಅನ್ನ ಬೇಕು, ಓಡುವ ಪಂಪು ಬೇಕು. ಕೆಲಸವನ್ನು ಮೊದಲು ಕೇಳಿ, ಯಂತ್ರವನ್ನು ಆಮೇಲೆ ಆರಿಸಬೇಕು. ಆ ಯಂತ್ರ ಊರಿನ ನೆಲ, ನೀರು, ಬಿಸಿಲಿಗೆ ಹೊಂದಬೇಕು.

ಮಲೆನಾಡಿನ ಒಂದು ತೋಟದ ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮನೆಯ ಹಿಂದಿನ ಗುಡ್ಡದಲ್ಲಿ ಮಳೆಗಾಲದಿಂದ ಚಳಿಗಾಲ ಮುಗಿಯುವವರೆಗೂ ಹರಿಯುವ ಝರಿ. ಇಪ್ಪತ್ತು ಮೀಟರ್ ಎತ್ತರದಲ್ಲಿ ಸಣ್ಣ ಕಟ್ಟೆ, ಅಲ್ಲಿಂದ ಕೆಳಗೆ ಪೈಪು. ಪೈಪಿನ ತುದಿಯಿಂದ ಚಿಮ್ಮುವ ನೀರು ಬಟ್ಟಲುಗಳ ಚಕ್ರಕ್ಕೆ ಬಡಿಯುತ್ತದೆ, ಚಕ್ರ ಜನರೇಟರನ್ನು ತಿರುಗಿಸುತ್ತದೆ. ಸೆಕೆಂಡಿಗೆ ಹತ್ತು ಲೀಟರ್ ನೀರಿದ್ದರೆ ಸುಮಾರು ಒಂದು ಕಿಲೋವ್ಯಾಟ್ ಕೈಗೆ ಬರುತ್ತದೆ. ರಾತ್ರಿ ದೀಪಗಳೆಲ್ಲ ಆರಿದ ಮೇಲೆ ಮಿಕ್ಕ ಕರೆಂಟು ತಾನಾಗಿ ಬಚ್ಚಲಿನ ಹಂಡೆಯೊಳಗಿನ ನೀರು ಕಾಯಿಸುವ ಕಾಯಿಲ್‌ಗೆ ಹೋಗುತ್ತದೆ. ಬೆಳಗ್ಗೆ ಆ ಮನೆಯ ಅಜ್ಜಿ ಹಂಡೆಯ ಮುಚ್ಚಳ ತೆಗೆದಾಗ ಹಬೆ ಏಳುತ್ತಿತ್ತು. ಸೌದೆ ಉರಿದಿರಲಿಲ್ಲ, ಹೊಗೆ ಇರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದು ವಾರಗಟ್ಟಲೆ ಕರೆಂಟಿಲ್ಲದಾಗಲೂ ಆ ಮನೆಯಲ್ಲಿ ದೀಪ ಉರಿಯುತ್ತದೆ. ನೀರು ಚಕ್ರ ದಾಟಿ ಮತ್ತೆ ತೋಡು ಸೇರುತ್ತದೆ. ಒಂದು ಮರವೂ ಮುಳುಗುವುದಿಲ್ಲ.

ಶಿರಸಿ ಸೀಮೆಯ ಗೋಬರ್ ಗ್ಯಾಸಿನದೂ ಇಂಥದೇ ಕಥೆ. ಅಲ್ಲಿ ಅದು ಬೇರು ಬಿಟ್ಟದ್ದು ಕೊಟ್ಟಿಗೆಯಲ್ಲಿ ದನ, ತೋಟಕ್ಕೆ ಗೊಬ್ಬರದ ಅಗತ್ಯ, ಕರೆದರೆ ಬಂದು ಸ್ಥಾವರ ಕಟ್ಟಿಕೊಡುವವರು ಒಟ್ಟಿಗೆ ಇದ್ದುದರಿಂದ. ಬಯಲುಸೀಮೆಗೆ ಬಂದರೆ ಬಿಸಿಲೇ ಬಂಡವಾಳ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿಯಂತ್ರಗಳು ಜೋರಾಗಿ ತಿರುಗುವುದು ಮುಂಗಾರಿನ ತಿಂಗಳುಗಳಲ್ಲಿ. ಮೋಡ ಕವಿದು ಬಿಸಿಲು ಕುಂದುವುದೂ ಆಗಲೇ. ಒಂದು ಕುಂದಿದಾಗ ಇನ್ನೊಂದು ಕೈಹಿಡಿಯುತ್ತದೆ. ಪ್ರಕೃತಿಯೇ ಮಾಡಿಟ್ಟ ಈ ಜೋಡಣೆಯನ್ನು ನಾವು ಜಾಣತನದಿಂದ ಬಳಸಬೇಕು.

ಮನೆಯ ಮಾಳಿಗೆಯ ಸೋಲಾರ್ ಬಗ್ಗೆ ನಾಲ್ಕು ಮಾತು ಬಿಡಿಸಿ ಹೇಳಬೇಕು. ನೆರಳು ಬೀಳದ ನೂರು ಚದರಡಿ ಜಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ಕೂರುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೋಲಾರ್, ಲೈನಿನ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಇದು ಯಂತ್ರದ ದೋಷವಲ್ಲ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ನಮ್ಮ ಮಾಳಿಗೆಯ ಕರೆಂಟು ತಗುಲದಿರಲೆಂದು ಮಾಡಿರುವ ವ್ಯವಸ್ಥೆ. ಮಾರುವವರು ಇದನ್ನು ಮೊದಲೇ ಹೇಳಬೇಕು, ಕೊಳ್ಳುವವರು ಮೊದಲೇ ಕೇಳಬೇಕು. ಕತ್ತಲಲ್ಲೂ ಬೆಳಕು ಬೇಕೆನ್ನುವವರು ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ರೈತರ ಪಾಲಿಗೆ ದೊಡ್ಡ ವರ ಎಂದರೆ ಹಗಲಿನ ಕರೆಂಟು. ನಡುರಾತ್ರಿ ತ್ರೀಫೇಸ್ ಬಂತೆಂದು ಟಾರ್ಚ್ ಹಿಡಿದು ಹೊಲಕ್ಕೆ ಹೋಗಿ, ಸ್ಟಾರ್ಟರ್ ಡಬ್ಬಿ ತೆರೆಯುವಾಗ ಹಾವು ಕಂಡವರು ಈ ಸಭೆಯಲ್ಲೇ ಇದ್ದೀರಿ. ಪಂಪ್‌ಸೆಟ್‌ಗಳ ಫೀಡರನ್ನೇ ಸೋಲಾರಿನಿಂದ ನಡೆಸಲು ಕೇಂದ್ರ ಸರ್ಕಾರದ ಕುಸುಮ್ ಯೋಜನೆ ಅವಕಾಶ ಮಾಡಿಕೊಟ್ಟಿದೆ. ಹಗಲು ನೀರು ಹಾಯಿಸಿ ರಾತ್ರಿ ಮಲಗುವ ರೈತ, ಇದಕ್ಕಿಂತ ದೊಡ್ಡ ಸುಧಾರಣೆ ನನಗೆ ಕಾಣುತ್ತಿಲ್ಲ. ಒಂದೇ ಎಚ್ಚರ: ಬಿಸಿಲಿಗೆ ಬಿಲ್ಲಿಲ್ಲವೆಂದು ಅಂತರ್ಜಲವನ್ನು ಬತ್ತಿಸಬಾರದು.

ಇನ್ನು ಪಾವಗಡ. ತಿರುಮಣಿ ಮತ್ತು ಸುತ್ತಲಿನ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್. ಬರದ ನಾಡಿನಲ್ಲಿ ಜಮೀನನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ ಆಗಾಗ ಏರಿಸುತ್ತ ಬಂದದ್ದು ಒಳ್ಳೆಯ ಮೇಲ್ಪಂಕ್ತಿ. ಶರಾವತಿಯ ಕಾಲಕ್ಕೆ ಹೋಲಿಸಿದರೆ ಇದು ನ್ಯಾಯದತ್ತ ಇಟ್ಟ ಹೆಜ್ಜೆ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಪಹಣಿ ಎಲ್ಲಿದೆ? ಅವರ ಬದುಕನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಈ ಶಕ್ತಿ ಪೂರ್ತಿ ಶುದ್ಧವಾದೀತು.

ನನ್ನನ್ನು ಕಾಡುವ ನೋವು ಇನ್ನೊಂದಿದೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಹನ್ನೆರಡು ಸೋಲಾರ್ ಬೀದಿದೀಪಗಳ ಉದ್ಘಾಟನೆಗೆ ನಾನೂ ಹೋಗಿದ್ದೆ, ಚಪ್ಪಾಳೆ ತಟ್ಟಿದ್ದೆ. ಮೂರು ವರ್ಷದ ಬಳಿಕ ಅದೇ ದಾರಿಯಲ್ಲಿ ಹೋದಾಗ ಉರಿಯುತ್ತಿದ್ದದ್ದು ಎರಡು. ಬ್ಯಾಟರಿ ಪೆಟ್ಟಿಗೆಗಳು ಬರಿದಾಗಿದ್ದವು, ಪ್ಯಾನೆಲ್ ಮೇಲೆ ಕೆಂಧೂಳು ಕೂತಿತ್ತು. ಒರೆಸಲು ಯಾರಿಗೂ ಹೇಳಿರಲಿಲ್ಲ, ದುರಸ್ತಿಗೆ ಹಣ ತೆಗೆದಿಟ್ಟಿರಲಿಲ್ಲ. ಅಲ್ಲಿ ಸೋತದ್ದು ಸೂರ್ಯನಲ್ಲ, ನಮ್ಮ ನಿರ್ವಹಣೆ. “ಸೋಲಾರ್ ನಮಗೆ ಆಗಿಬರಲ್ಲ ಸ್ವಾಮಿ” ಎಂದು ಊರಿನ ಹಿರಿಯರೊಬ್ಬರು ಹೇಳಿದಾಗ ನಾನು ತಲೆತಗ್ಗಿಸಿದೆ.

ಆದ್ದರಿಂದ ಈ ಸಮಾವೇಶ ಮೂರು ಒತ್ತಾಯಗಳನ್ನು ನಿರ್ಣಯವಾಗಿ ಅಂಗೀಕರಿಸಬೇಕೆಂದು ಕೋರುತ್ತೇನೆ.

ಮೊದಲನೆಯದು, ಯಾವುದೇ ಉಪಕರಣ ಕೊಳ್ಳುವ ಮುನ್ನ ಗ್ರಾಮಸಭೆಯಲ್ಲಿ ಊರಿನ ಕೆಲಸಗಳ ಪಟ್ಟಿ ಆಗಬೇಕು: ನೀರಿಗೆ ಎಷ್ಟು, ಅಡುಗೆಗೆ ಎಷ್ಟು, ಹಿಟ್ಟಿನ ಗಿರಣಿಗೆ, ಹೊಲಿಗೆ ಯಂತ್ರಕ್ಕೆ, ರೊಟ್ಟಿ ಯಂತ್ರಕ್ಕೆ ಎಷ್ಟು ಎಂದು. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಮಾತು ಮೊದಲು ಬರಬೇಕು.

ಎರಡನೆಯದು, ಪ್ರತಿ ಯೋಜನೆಯ ಟೆಂಡರಿನಲ್ಲೇ ಕನಿಷ್ಠ ಐದು ವರ್ಷದ ನಿರ್ವಹಣೆಯ ಹಣ ಸೇರಬೇಕು. ಹೋಬಳಿಗೊಬ್ಬರಾದರೂ ತರಬೇತಿ ಪಡೆದ ಸೋಲಾರ್ ಮೆಕ್ಯಾನಿಕ್ ಇರಬೇಕು. ಐಟಿಐನಲ್ಲಿ ಓದುತ್ತಿರುವ ಮಕ್ಕಳೆ, ಆ ಕೆಲಸ ನಿಮಗಾಗಿ ಕಾಯುತ್ತಿದೆ.

ಮೂರನೆಯದು, ದೊಡ್ಡ ಸೌರ, ಪವನ ಸ್ಥಾವರಗಳಿಗೆ ನೆಲ ಕೊಟ್ಟ ಊರುಗಳಿಗೆ ಅಡೆತಡೆಯಿಲ್ಲದ ಕರೆಂಟಿನ ಮೊದಲ ಹಕ್ಕು ಸಿಗಬೇಕು. ಭೂಮಿ ಇಲ್ಲದವರಿಗೆ ಅಲ್ಲಿನ ಕೆಲಸದಲ್ಲಿ, ಮೇವಿನಲ್ಲಿ ಪಾಲು ಸಿಗಬೇಕು.

ಬಂಧುಗಳೆ, 1902ರಲ್ಲಿ ಶಿವನಸಮುದ್ರದಿಂದ ಹೊರಟ ತಂತಿ ದಾರಿಯ ಹಳ್ಳಿಗಳ ತಲೆಯ ಮೇಲೆ ಹಾದು ಗಣಿ ಸೇರಿತು. ಕೆಳಗಿದ್ದವರು ಕತ್ತೆತ್ತಿ ನೋಡಿದರು, ಅಷ್ಟೆ. ನನ್ನ ಸೇವೆಯ ಬಹುಕಾಲವೂ ತಂತಿಯಲ್ಲಿ ಕರೆಂಟು ಒಂದೇ ಕಡೆಗೆ ಹರಿಯುತ್ತಿತ್ತು, ಸ್ಥಾವರದಿಂದ ನಮ್ಮ ಕಡೆಗೆ. ಇಂದು ನಮ್ಮ ಮಾಳಿಗೆಯಲ್ಲಿ ಮಿಕ್ಕ ಕರೆಂಟು ಅದೇ ತಂತಿ ಹಿಡಿದು ಹೊರಗೆ ಹೋಗುತ್ತದೆ, ಮೀಟರು ಅದನ್ನೂ ಬರೆದುಕೊಳ್ಳುತ್ತದೆ. ಪಡೆಯುವವರಾಗಿದ್ದ ನಾವು ಕೊಡುವವರೂ ಆಗಿದ್ದೇವೆ. ಈ ಬದಲಾವಣೆ ಮಾಳಿಗೆ ಇದ್ದವರಲ್ಲೇ ನಿಲ್ಲದೆ ತಗಡಿನ ಮನೆಯವರೆಗೂ ಹೋಗಲಿ. ಅದಕ್ಕಾಗಿ ದುಡಿಯೋಣ.